ಸಿಕ್ಕಿಕೊಳ್ಳುವ ಬಂದೂಕು

ಇವತ್ತು ಬೆಳಿಗ್ಗೆ ಇಲ್ಲಿ ಅಮೆರಿಕದಲ್ಲಿ, ರೆಸ್ಟನ್ನಿನ ನಮ್ಮ ಆಫೀಸಿನಲ್ಲಿ ಸ್ಟೇಪ್ಲರ್ ಕೈಕೊಟ್ಟಿತು. ಒತ್ತಿದರೆ ಕಟಕ್ ಎನ್ನುತ್ತದೆ, ಕಾಗದದ ಮೇಲೆ ಎರಡು ಗುಳಿ ಬೀಳುತ್ತವೆ, ಪಿನ್ನು ಮಾತ್ರ ಬರುವುದಿಲ್ಲ. ಪಕ್ಕದ ಸೀಟಿನ ಅಮೆರಿಕನ್ ಹುಡುಗಿ ಅದನ್ನು ಕಸದ ಬುಟ್ಟಿಗೆ ಹಾಕಲು ಹೊರಟಿದ್ದಳು. ನಾನು ಕಿತ್ತುಕೊಂಡು, ಬೆನ್ನು ತೆರೆದು, ಪಿನ್ನುಗಳನ್ನು ಈಚೆ ತೆಗೆದು, ಅವನ್ನು ಮುಂದಕ್ಕೆ ದೂಡುವ ಸ್ಪ್ರಿಂಗನ್ನು ಬೆರಳಲ್ಲಿ ಒತ್ತಿ ನೋಡಿದೆ. ಸ್ಪ್ರಿಂಗಿಗೆ ಸೋಮಾರಿತನ ಬಂದಿತ್ತು. ಟಿಶ್ಯೂವಿನಲ್ಲಿ ಒರೆಸಿ ಮತ್ತೆ ಕೂರಿಸಿದೆ, ಸರಿಹೋಯಿತು. "ಇದೆಲ್ಲ ಎಲ್ಲಿ ಕಲಿತೆ?" ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು. ನಕ್ಕು ಸ್ಟೇಪ್ಲರನ್ನು ಅವಳ ಕೈಗಿಟ್ಟೆ. ಆದರೆ ಆಗಿನಿಂದ ಕುರ್ಚಿಯಲ್ಲಿ ಕೂರಲಾಗುತ್ತಿಲ್ಲ. ಕಾಫಿಗೆಂದು ಎದ್ದು ಹೋಗಿ ಕಾಫಿ ತರದೆ ವಾಪಸು ಬಂದಿದ್ದೇನೆ. ಅವಳಿಗೆ ಹೇಳದ್ದನ್ನು ನಿಮಗಾದರೂ ಹೇಳಿಬಿಟ್ಟರೆ ಈ ಚಡಪಡಿಕೆ ಕಡಿಮೆಯಾದೀತೇನೋ.

ಲೋಕವೆಲ್ಲ ಬಾಗಿಲು ಹಾಕಿಕೊಂಡು ಕೂತ ಆ ಕೋವಿಡ್ ವರ್ಷ ನೆನಪಿದೆಯಲ್ಲ? ಸೆಂಟರ್‌ವಿಲ್‌ನ ನಮ್ಮ ಬೀದಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು ಹಿಡಿಯಿತು. ಎದುರು ಮನೆಯವರು ನಾಯಿಮರಿ ತಂದರು. ಪಕ್ಕದವರು ಹಿಟ್ಟು ಹುದುಗು ಬರಿಸಿ ಬ್ರೆಡ್ ಸುಡಲು ಕಲಿತರು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂಬಂತೆ ನಮ್ಮವರು ಒಂದು ಶನಿವಾರ ಉದ್ದನೆಯ ಪೆಟ್ಟಿಗೆ ತಂದು ಊಟದ ಮೇಜಿನ ಮೇಲಿಟ್ಟರು. ಒಳಗೆ ಹೊಚ್ಚಹೊಸ ಸೆಮಿ ಆಟೋಮ್ಯಾಟಿಕ್ ರೈಫಲ್ಲು. ಮನೆಗೆ ಜೇಡ ಬಂದರೆ ಕಾಗದದ ಮೇಲೆ ಹತ್ತಿಸಿಕೊಂಡು ಹೋಗಿ ತೋಟಕ್ಕೆ ಬಿಟ್ಟುಬರುವ ಮನುಷ್ಯ! "ಇದ್ಯಾಕ್ರೀ?" ಎಂದೆ.

ಕಾರಣ ಅವರ ಬಾಯಿಂದ ಹೊರಡಲು ಬಹಳ ಹೊತ್ತು ಹಿಡಿಯಿತು. ಗ್ರೋಸರಿ ಅಂಗಡಿಯ ಪಾರ್ಕಿಂಗಿನಲ್ಲಿ ಒಬ್ಬ ಇವರ ಕಾರಿಗೆ ಅಡ್ಡ ನಿಂತು, ರೋಗ ತಂದವರು ನೀವೇ, ನಿಮ್ಮ ದೇಶಕ್ಕೆ ಹೋಗಿ ಎಂದು ಕೂಗಿ, ಕಾರಿನ ಮೂತಿಗೆ ಗುದ್ದಿದನಂತೆ. ಸುತ್ತ ಇದ್ದವರು ಸಾಮಾನಿನ ಗಾಡಿಗಳನ್ನು ತಳ್ಳಿಕೊಂಡು ತಮ್ಮ ಪಾಡಿಗೆ ಹೋದರಂತೆ. "ನಾನು ಕಿಟಕಿ ಏರಿಸ್ಕೊಂಡು ಕೂತಿದ್ದೆ ಕಣೇ, ಅಷ್ಟೇ ಮಾಡಿದ್ದು" ಎಂದರು. ಅದನ್ನು ಕೇಳಿದ ಮೇಲೆ ಬೈಯಲು ಬಾಯಿ ಬರಲಿಲ್ಲ. ಆದರೆ ಬಂದೂಕು ಮನೆಯಲ್ಲಿರುವುದು ಮಾತ್ರ ನನಗೆ ಬೇಡವಾಗಿತ್ತು.

ನನಗಿಂತ ಹೆಚ್ಚಾಗಿ ಬೇಡವಾಗಿದ್ದದ್ದು ಮಗಳು ಶ್ರಾವ್ಯಳಿಗೆ. ಆಗ ಅವಳಿಗೆ ಹೈಸ್ಕೂಲು. ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ಎಂದು, ಶಿಶುವಿಹಾರದ ಕಾಲದಿಂದಲೂ ಕ್ಲಾಸಿನ ದೀಪ ಆರಿಸಿ, ಗೋಡೆಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು ಕೂರುವ ಡ್ರಿಲ್ ಮಾಡುತ್ತ ಬೆಳೆದ ಮಗು. ಪೆಟ್ಟಿಗೆಯೊಳಗೆ ಬಗ್ಗಿ ನೋಡಿ, "ಅಪ್ಪ, ನಾವು ಡ್ರಿಲ್ ಮಾಡೋದು ಇದಕ್ಕೇ. ದಿಸ್ ಇಸ್ ದ ಒನ್" ಎಂದಳು. ಬಂದೂಕು ಬೇಸ್‌ಮೆಂಟಿನ ಉಕ್ಕಿನ ಬೀರು ಸೇರಿದ ದಿನವೇ ಅಲ್ಲಿದ್ದ ತನ್ನ ಮೇಜು, ಲ್ಯಾಪ್‌ಟಾಪು, ದಿಂಬು ಎಲ್ಲವನ್ನೂ ಹೊತ್ತು ಮೇಲೆ ತಂದಳು. ಆಮೇಲೆ ಬಟ್ಟೆಯ ಕ್ಲಾಸೆಟ್ಟಿನೊಳಗೆ ಕೂತು ಆನ್‌ಲೈನ್ ಕ್ಲಾಸು ಕೇಳುತ್ತಿದ್ದಳು. ತನ್ನ ಮನೆಯಲ್ಲೇ ಮಗಳಿಗೆ ಒಂದು ಅಂತಸ್ತು ಇಲ್ಲದಂತಾಯಿತು. ಆ ಸಂಕಟಕ್ಕೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಮನೆಯಲ್ಲಿ ಇನ್ನೊಬ್ಬರಿದ್ದರು, ನಮ್ಮತ್ತೆ. ಮೈಸೂರಿನಿಂದ ಮೊಮ್ಮಗಳನ್ನು ನೋಡಲು ಬಂದವರು ವಿಮಾನಗಳು ನಿಂತು ಇಲ್ಲೇ ಉಳಿದಿದ್ದರು. ಸುಮ್ಮನೆ ಕೂರುವ ಜಾಯಮಾನ ಅವರದ್ದಲ್ಲ. ಹಳೆಯ ಹೊಲಿಗೆ ಮೆಷೀನೊಂದನ್ನು ತರಿಸಿಕೊಂಡು ಬೀದಿಗೆಲ್ಲ ಮಾಸ್ಕ್ ಹೊಲಿದು ಹಂಚುತ್ತಿದ್ದರು. ಅವರಿಗೆ ಸದಾ ಚಳಿ. ನಾನು ಹೀಟರನ್ನು ಇಳಿಸುವುದು, ಅವರು ಹೋಗಿ ಏರಿಸುವುದು, ಇಬ್ಬರೂ ಏನೂ ನಡೆದಿಲ್ಲವೆಂಬಂತೆ ಒಟ್ಟಿಗೆ ಕೂತು ಸಾರನ್ನ ಉಣ್ಣುವುದು. ಅತ್ತೆ ಸೊಸೆ ಸಂಬಂಧ ಅಷ್ಟು ಸೊಗಸಾಗಿ ನಡೆಯುತ್ತಿತ್ತು.

ದಸರೆ ಬಂತು. ಆಯುಧ ಪೂಜೆಗೆ ಪ್ರತಿವರ್ಷ ಕಾರು, ಲ್ಯಾಪ್‌ಟಾಪು, ಮಿಕ್ಸಿ, ತರಕಾರಿ ಹೆಚ್ಚುವ ಚಾಕು. ಆಯುಧವೆಂಬುದು ನಮ್ಮ ಕಡೆ ಎಷ್ಟು ಸಾಧುವಾಗಿಬಿಟ್ಟಿದೆ ನೋಡಿ. ಆ ವರ್ಷ ಮಾತ್ರ ನಿಜವಾದ ಆಯುಧವೊಂದಿತ್ತು. ನಮ್ಮವರು ಗುಂಡುಗಳನ್ನೆಲ್ಲ ತೆಗೆದಿಟ್ಟು, ಖಾಲಿ ಬಂದೂಕನ್ನು ಮಣೆಯ ಮೇಲೆ ಮಲಗಿಸಿ ಮೀಟಿಂಗಿಗೆ ಹೋದರು. ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, ಆರತಿ ಎತ್ತಿದರು. ಶ್ರಾವ್ಯ ಮಂಗಳಾರತಿ ತೆಗೆದುಕೊಳ್ಳಲು ಕೆಳಗಿಳಿಯಲೇ ಇಲ್ಲ.

ಆ ಪೂಜೆಯ ಮುಂಚೆ ಒಮ್ಮೆ ನಮ್ಮವರು ರೇಂಜಿಗೆ ಹೋಗಿ, ಅಂದರೆ ಗುರಿ ಹೊಡೆಯುವ ಮೈದಾನಕ್ಕೆ ಹೋಗಿ, ಸರಾಗವಾಗಿ ಗುಂಡು ಹಾರಿಸಿ ಬಂದಿದ್ದರು. ಪೂಜೆಯ ನಂತರದ ಶನಿವಾರ ಹೋದವರು ಮುಖ ಇಳಿಬಿಟ್ಟುಕೊಂಡು ಬಂದರು. ಒಂದು ಗುಂಡು ಹಾರುತ್ತದೆ, ಎರಡನೆಯದು ಮೇಲೇರಿ ಬರುವುದಿಲ್ಲ. ಬಂದರೂ ಸೊಟ್ಟಗೆ ಬಂದು ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಗುಂಡು ತುಂಬುವ ಡಬ್ಬಿಯಿದೆಯಲ್ಲ, ಮ್ಯಾಗಜೀನು, ಅದು ಸ್ಟೇಪ್ಲರಿನ ಹೊಟ್ಟೆಯಿದ್ದ ಹಾಗೆ. ಕೆಳಗಿನ ಸ್ಪ್ರಿಂಗು ಗುಂಡುಗಳನ್ನು ಮೇಲಕ್ಕೆ ದೂಡುತ್ತಿರಬೇಕು. ಎಲ್ಲೋ ಅದು ತಡವರಿಸುತ್ತಿತ್ತು.

"ಮ್ಯಾಗಜೀನ್ ಸರಿಯಿಲ್ಲ ಅನ್ಸತ್ತೆ" ಎಂದು ಊಟಕ್ಕೆ ಕೂತಾಗ ಅಂದರು.

"ಯಾವ್ದೋ? ವಾರಪತ್ರಿಕೆನಾ?" ಎಂದರು ಅತ್ತೆ.

ನಮ್ಮವರ ಕಸುಬು ಸಾಫ್ಟ್‌ವೇರ್ ಟೆಸ್ಟಿಂಗು, ಎಂದರೆ ಬೇರೆಯವರ ತಪ್ಪು, ಅವರ ಭಾಷೆಯಲ್ಲಿ ಬಗ್, ಹುಡುಕುವುದು. ಹೀಗಾಗಿ ಅವರಿಗೆ ಹಬ್ಬವೇ ಆಯಿತು. ಗುಂಡಿನ ಕಂಪನಿ ಬದಲಾಗಿದೆ, ಅದಕ್ಕೇ ಎಂದರು. ಬೇರೆ ಗುಂಡು ಹುಡುಕಿದರೆ ಎಲ್ಲ ಅಂಗಡಿಯಲ್ಲೂ ಕಪಾಟು ಖಾಲಿ. ಇನ್ನೊಂದು ಮ್ಯಾಗಜೀನ್ ಆರ್ಡರ್ ಮಾಡಿದರೆ ಸ್ಟಾಕಿಲ್ಲ. ಹೊಸ ಬಂದೂಕು ಪಳಗಬೇಕು ಎಂದು ಯಾರೋ ವೀಡಿಯೊದಲ್ಲಿ ಹೇಳಿದರು, ಸರಿ, ಅದನ್ನೂ ನಂಬಿದರು. ವಿಚಿತ್ರವೆಂದರೆ ಮನೆಯ ಹಾಲ್‌ನಲ್ಲಿ ಕೂತು, ಸಿಡಿಯದ ಸುಳ್ಳು ಗುಂಡು ಹಾಕಿ ಕೈಯಿಂದ ಎಳೆದರೆ ಒಂದರ ಹಿಂದೆ ಒಂದು ಬೆಣ್ಣೆಯಂತೆ ಬರುತ್ತಿತ್ತು. ರೇಂಜಿಗೆ ಹೋದರೆ ಮತ್ತೆ ಅದೇ ರಗಳೆ. "ಡೆವಲಪರ್‌ಗಳು ಹೇಳೋ ಹಾಗಾಯ್ತು, ನನ್ನ ಮೆಷೀನ್‌ನಲ್ಲಿ ಸರಿಯಾಗೇ ಇದೆ ಅಂತ" ಎಂದು ತಲೆ ಕೆರೆದುಕೊಂಡರು. ಕೊನೆಯ ಸಲ ಸರಿಯಿದ್ದಾಗಿನಿಂದ ಏನು ಬದಲಾಗಿದೆ ಎಂದು ಪ್ರತಿಯೊಂದನ್ನೂ ಯೋಚಿಸಿದರು. ಪೂಜೆಯನ್ನು ಯಾವ ಟೆಸ್ಟರ್ ತಾನೇ ಬದಲಾವಣೆಯೆಂದು ಲೆಕ್ಕಕ್ಕೆ ಹಿಡಿಯುತ್ತಾನೆ?

ನಾನು ಸಮಯ ನೋಡಿ ಷರತ್ತು ಹಾಕಿದೆ. "ರೀ, ದೀಪಾವಳಿಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ಅದು ಈ ಮನೇಲಿರಲ್ಲ."

"ಡೀಲ್" ಎಂದರು. ಟೆಸ್ಟರಿನ ಅಹಂಕಾರ.

ಅಂದಿನಿಂದ ಅವರು ರೇಂಜಿಗೆ ಹೊರಟಾಗಲೆಲ್ಲ ನಾನು ಒಳಗೊಳಗೇ ಹರಕೆ ಹೊರುತ್ತಿದ್ದೆ, ಸಿಕ್ಕಿಕೊಳ್ಳಲಿ ದೇವರೇ ಎಂದು. ಹಬ್ಬಕ್ಕೆ ಒಂದು ವಾರವಿರುವಾಗ, ಸೋಲನ್ನು ಕಣ್ಣಾರೆ ನೋಡುವ ಆಸೆಯಿಂದ ಅವರ ಜೊತೆ ರೇಂಜಿಗೂ ಹೋದೆ. ಕೊರೆಯುವ ಬೆಳಗು, ಬಯಲಿನಲ್ಲಿ ಇಬ್ಬನಿ. ಎರಡನೆಯ ಗುಂಡು ಸಿಕ್ಕಿಕೊಂಡಿತು. ನಮ್ಮವರು ಎಂದಿನ ಹುಡುಕುವ ಗುಂಗಿನಲ್ಲಿ ಬಂದೂಕನ್ನು ಓರೆ ಮಾಡಿ ಒಳಗೆ ಬಗ್ಗಿ ನೋಡತೊಡಗಿದರು. ಅಲ್ಲಿನ ಮೇಲ್ವಿಚಾರಕ ಕೂಗುತ್ತ ಓಡಿಬಂದು ಅದರ ಮೂತಿಯನ್ನು ಕೆಳಗೆ ಒತ್ತಿಹಿಡಿದ. ಸಿಕ್ಕಿಕೊಂಡ ಗುಂಡು ಇನ್ನೂ ಒಳಗೇ ಇತ್ತು, ಯಾವ ಗಳಿಗೆಯಲ್ಲಾದರೂ ಹಾರಬಹುದಿತ್ತು. ಕೆಟ್ಟ ಬಂದೂಕು ಒಳ್ಳೆಯದೆಂದು ನಾನು ತಿಳಿದಿದ್ದೆನಲ್ಲ, ಅದು ಅಲ್ಲಿಗೆ ಮುಗಿಯಿತು.

ಮರುದಿನ ಭಾನುವಾರ. ಅತ್ತೆ ಕೊಬ್ಬರಿ ಎಣ್ಣೆಯ ಶೀಷೆಯನ್ನು ಹೀಟರಿನ ಬಿಸಿಗಾಳಿಗೆ ಒಡ್ಡಿ, ಶ್ರಾವ್ಯಳ ತಲೆಯನ್ನು ಮುಂದಿಟ್ಟುಕೊಂಡು ಕೂತಿದ್ದರು. ಬಚ್ಚಲಿನಲ್ಲಿ ಬೆಳ್ಳಗೆ ಗಟ್ಟಿಯಾಗಿದ್ದ ಎಣ್ಣೆ ಇಲ್ಲಿ ನೋಡುನೋಡುತ್ತಲೇ ನೀರಾಯಿತು. ಚಳಿಗೆ ಗಟ್ಟಿ, ಬಿಸಿಗೆ ತೆಳು. ರೇಂಜಿನಲ್ಲಿ ಚಳಿ. ನಮ್ಮ ಹಾಲ್‌ನಲ್ಲಿ ಅತ್ತೆಯ ದಯೆಯಿಂದ ಸೆಕೆ. ನನ್ನ ತಲೆಯೊಳಗೆ ಏನೋ ಹೊಳೆಯಿತು.

"ಅತ್ತೆ, ಪೂಜೆ ದಿನ ಬಂದೂಕಿಗೆ ಎಣ್ಣೆ ಏನಾದ್ರೂ ಬಿಟ್ರಾ?"

"ಬಿಟ್ಟೆ. ಆ ಡಬ್ಬಿಯೊಳಗೆ ನಾಲ್ಕು ತೊಟ್ಟು. ಕಬ್ಬಿಣ ಅಂದ್ಮೇಲೆ ಎಣ್ಣೆ ಬೇಡ್ವೇ?"

"ಕೊಬ್ಬರಿ ಎಣ್ಣೆನಾ?"

"ಹೂಂ, ಮತ್ತಿನ್ನೇನು."

ಹೊಲಿಗೆ ಮೆಷೀನ್ ಇಟ್ಟುಕೊಂಡ ಹೆಂಗಸರಿಗೆಲ್ಲ ಒಂದು ವಿಷಯ ಗೊತ್ತು, ಮೆಷೀನಿಗೆ ಕೊಬ್ಬರಿ ಎಣ್ಣೆ ಬಿಡಬಾರದು, ಅಂಟಾಗಿ ಹಿಡಿದುಕೊಳ್ಳುತ್ತದೆ. ನನಗೆ ಅದನ್ನು ಹೇಳಿಕೊಟ್ಟವರೇ ಇವರು. ಮೆಷೀನ್ ಎಣ್ಣೆ ತರದೆ ಬಂದರೆ ಮಾಸ್ಕ್ ಹೊಲಿಯುವುದಿಲ್ಲವೆಂದು ಮುಷ್ಕರ ಹೂಡಿದ್ದವರೂ ಇವರೇ. ಆ ಎಣ್ಣೆಯ ಶೀಷೆ ಪೂಜೆಯ ದಿನ ಮೆಷೀನಿನ ಪಕ್ಕದಲ್ಲೇ ಇತ್ತು. ಅದನ್ನೇ ಅವರಿಗೆ ಹೇಳಿದೆ.

ಅವರು ಜಡೆಯ ಸಿಕ್ಕು ಬಿಡಿಸುತ್ತಲೇ ಇದ್ದರು. "ನಾನು ಪೂಜೆ ಮಾಡ್ದೆ, ದೇವರು ನಡೆಸ್ದ" ಎಂದರು. ಬಾಚಣಿಗೆ ಕೆಳಗಿಟ್ಟು, "ಅವನು ನನ್ನ ಮಗ ಕಣಮ್ಮ. ಬೇಡ ಅಂದ್ರೆ ಕೇಳೋನಲ್ಲ. ಮಗು ಬಟ್ಟೆ ಬೀರುವಿನೊಳಗೆ ಕೂತು ಪಾಠ ಕೇಳ್ತಿದೆ, ನಾನು ನೋಡ್ಕೊಂಡು ಇರ್ಲಾ?" ಎಂದರು. ಅಮೆರಿಕದ ಕನ್ನಡ ಬಲ್ಲ ಮೊಮ್ಮಗಳು ಅಜ್ಜಿಯ ತೊಡೆಗೆ ತಲೆಯಾನಿಸಿ, "ಅಜ್ಜಿ, ಯು ಆರ್ ಎ ಲೆಜೆಂಡ್" ಎಂದು ಕಿಲಕಿಲ ನಕ್ಕಳು. ಎಷ್ಟೋ ತಿಂಗಳ ಮೇಲೆ ಆ ನಗು ಕೇಳಿದ್ದು.

ಈಗ ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಒಂದು ವಾರ ತುಟಿ ಹೊಲಿದುಕೊಂಡಿದ್ದರೆ ಸಾಕು, ಷರತ್ತು ಗೆಲ್ಲುತ್ತಿದ್ದೆ. ಆದರೆ ಶನಿವಾರ ಮತ್ತೆ ಬರುತ್ತದೆ, ಈ ಮಹಾಶಯರು ಮತ್ತೆ ಅದರ ಬಾಯೊಳಗೆ ಕಣ್ಣಿಡುತ್ತಾರೆ. ಮೂರು ದಿನ ಮನೆ ತುಂಬ ಸುತ್ತಾಡಿದೆ. ಒಲೆಯ ಮೇಲಿಟ್ಟ ಹಾಲು ಉಕ್ಕಿತು, ಬೇಳೆ ಸೀದಿತು. ಕೊನೆಗೆ ಗರಾಜಿಗೆ ಹೋಗಿ ನಮ್ಮವರಿಗೆ ಎಣ್ಣೆಯ ವಿಷಯ ಹೇಳಿಬಿಟ್ಟೆ.

ಅವರು ಮ್ಯಾಗಜೀನು ಬಿಚ್ಚಿದರು. ಸ್ಪ್ರಿಂಗಿನ ಸಂದಿಯಲ್ಲಿ ಕುಂಕುಮ ಬೆರೆತ ಬಿಳಿ ಜಿಡ್ಡು. ಮೂಸಿ ನೋಡಿ ಗಹಗಹಿಸಿ ನಕ್ಕರು. "ಅಮ್ಮನ ಬಗ್!" ಎಂದರು. ಅಮ್ಮ ಬೇಕೆಂದೇ ಮಾಡಿದ್ದೆಂಬುದನ್ನು ನಾನು ಹೇಳಲಿಲ್ಲ. ಎಲ್ಲ ತೊಳೆದು, ಒರೆಸಿ, ಸರಿಯಾದ ಎಣ್ಣೆ ಹಾಕಿ ಶನಿವಾರ ಹೋದರು.

ಮಧ್ಯಾಹ್ನ ಬಂದವರು ಕಾರಿನಿಂದ ಬೇಗ ಇಳಿಯಲಿಲ್ಲ. ನಾನೇ ಹೋಗಿ ಕಿಟಕಿ ತಟ್ಟಿದೆ.

"ವರ್ಕ್ ಆಯ್ತು ಕಣೇ" ಎಂದರು, ಯಾರೋ ಹೋದ ಸುದ್ದಿ ಹೇಳುವವರಂತೆ. "ಒಂದು ಸಲಾನೂ ನಿಲ್ಲಲಿಲ್ಲ. ಬೆರಳು ಆಡಿಸಿದ ಹಾಗೆಲ್ಲ ಬರ್ತಾನೇ ಇತ್ತು. ಇಷ್ಟು ದಿನ ಏನೋ ಫಿಕ್ಸ್ ಮಾಡ್ತಿದೀನಿ ಅಂದ್ಕೊಂಡಿದ್ದೆ. ಅದು ಏನು ಅಂತ ಇವತ್ತು ಗೊತ್ತಾಯ್ತು. ಶ್ರಾವ್ಯ ಅವತ್ತು ಹೇಳಿದ್ದು ಇದನ್ನೇ."

ಷರತ್ತು ಗೆದ್ದವರು ಅವರು, ಆದರೂ ಸೋಮವಾರವೇ ಅದನ್ನು ಕೊಂಡ ಅಂಗಡಿಗೇ ಮಾರಿ ಬಂದರು. ಶ್ರಾವ್ಯಳ ಮೇಜು ಬೇಸ್‌ಮೆಂಟಿಗೆ ಇಳಿಯಿತು. ವಿಮಾನಗಳು ಹಾರತೊಡಗಿದ ಮೇಲೆ ಅತ್ತೆ ಮೈಸೂರಿಗೆ ಹೋದರು. ಆ ದೀಪಾವಳಿಗೆ ನಾನು ಮಾಡಿದ ಹೋಳಿಗೆ ಹರಿದುಹೋಗಿತ್ತು, ಆದರೂ ಅಷ್ಟು ಖುಷಿಯಿಂದ ಇನ್ಯಾವ ಹಬ್ಬವನ್ನೂ ಮಾಡಿಲ್ಲ. ಕಥೆ ಮುಗಿಯಿತೆಂದೇ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ, ಊಟದ ಮೇಜುಗಳಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೆ.

ಶ್ರಾವ್ಯ ಈಗ ನಾರ್ತ್ ಕ್ಯಾರೊಲೈನಾದಲ್ಲಿ ಕಾಲೇಜು ಓದುತ್ತಿದ್ದಾಳೆ. ಹೋದ ವಾರ ಅವಳ ಕ್ಯಾಂಪಸ್ಸಿನಲ್ಲಿ ಯಾರೋ ಬಂದೂಕು ಹಿಡಿದು ಓಡಾಡುತ್ತಿದ್ದಾರೆಂದು ಎಲ್ಲರ ಫೋನಿಗೂ ಎಚ್ಚರಿಕೆ ಬಂತು. ಲೈಬ್ರರಿಯ ಕೋಣೆಯೊಂದರಲ್ಲಿ ದೀಪ ಆರಿಸಿ, ಗೋಡೆಗೆ ಒತ್ತಿಕೊಂಡು ಕೂತಿದ್ದಳಂತೆ. ಕೊನೆಗೆ ಅದು ಸುಳ್ಳು ಸುದ್ದಿಯೆಂದು ತಿಳಿದು ಎಲ್ಲರನ್ನೂ ಹೊರಗೆ ಬಿಟ್ಟರು. ಸಂಜೆ ಫೋನ್ ಮಾಡಿದಳು. ಊಟ ಆಯಿತಾ, ನೀರು ಕುಡಿದೆಯಾ ಎಂದೆಲ್ಲ ನಾನು ಬಡಬಡಿಸುತ್ತಿದ್ದೆ. ಅವಳು ನಡುವೆ ತಡೆದಳು.

"ಅಮ್ಮ, ಅಪ್ಪನ ಆ ಗನ್, ಈಗ ಯಾರ ಹತ್ರ ಇದೆ?"

"ಗೊತ್ತಿಲ್ಲ ಪುಟ್ಟಿ. ಅಂಗಡಿಯವರು ಯಾರಿಗೆ ಮಾರಿದ್ರೋ."

"ನಾವು ಮಾರೋವಾಗ ಅದು ವರ್ಕ್ ಆಗ್ತಿತ್ತಾ?"

ಮಗಳಿಗೆ ನಾನು ಸುಳ್ಳು ಹೇಳುವುದಿಲ್ಲ.

"ಹೂಂ" ಎಂದೆ. "ಚೆನ್ನಾಗಿ ವರ್ಕ್ ಆಗ್ತಿತ್ತು."