ಮುಗಿಲಿಗೆ ಸುಳ್ಳು ಹೇಳಿದ ಕಪ್ಪೆಗಳು

ಕಂಪೂನ್ ಕಪ್ಪೆ ಸಾಕಿ ಬದುಕುವವಳು. ಇಸಾನ್ ಸೀಮೆಯಲ್ಲಿ ಕಪ್ಪೆ ತಿನ್ನದವರು ಯಾರಿದ್ದಾರೆ? ಆದರೂ ಬೋನ್‌ಕೋ ಊರಿನಲ್ಲಿ ಅವಳ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದರು. ಅವಳ ಕಪ್ಪೆಯನ್ನೇ ಸುಟ್ಟು ಅಂಟನ್ನದ ಜೊತೆ ಚಪ್ಪರಿಸಿದ ಬಾಯಿಗಳು ಅವು!

ಗಂಡ ಕಬ್ಬು ಕಡಿಯಲು ಹೋದವನು ಅಲ್ಲೇ ಇನ್ನೊಂದು ಒಲೆ ಹೂಡಿದ. ಇವಳು ಅತ್ತು ಕೂರಲಿಲ್ಲ. ಚಿಕ್ಕಂದಿನಿಂದ ಅಪ್ಪನ ಹಿಂದೆ ಬುಟ್ಟಿ ಹೊತ್ತು ಕಪ್ಪೆ ಹಿಡಿದವಳು. ಔಷಧಿ ಹೊಡೆದು ಹೊಡೆದು ಗದ್ದೆಯಲ್ಲಿ ಕಪ್ಪೆಯೇ ಇಲ್ಲದಂತಾದಾಗ ಹಿತ್ತಲಲ್ಲಿ ಸಿಮೆಂಟು ತೊಟ್ಟಿ ಕಟ್ಟಿಸಿದಳು. ಮೊದಲ ವರ್ಷ ದೊಡ್ಡವು ಚಿಕ್ಕವನ್ನು ನುಂಗಿ ಹಾಕಿದವು. ಮರುವರ್ಷ ಗಾತ್ರ ನೋಡಿ ಬೇರೆ ಬೇರೆ ಬಿಟ್ಟಳು. ಹೆಣ್ಣಿನ ಪಕ್ಕೆ ಮುಟ್ಟಿದಾಗ ತರಿತರಿ ಎಂದರೆ ಮೊಟ್ಟೆ ಮಾಗಿದೆ. ಆಗ ತೂತು ಕೊರೆದ ಪೈಪಿನಿಂದ ಬೋರಿನ ನೀರನ್ನು ಮಳೆಯ ಹಾಗೆ ಸುರಿಸಬೇಕು. ಗಂಡುಗಳು ಗಂಟಲುಬ್ಬಿಸಿ ಒದರಿ ಹೆಣ್ಣುಗಳ ಬೆನ್ನೇರಿ ತಬ್ಬುತ್ತವೆ. ಬೆಳಗಾದರೆ ತೊಟ್ಟಿ ತುಂಬ ಮೊಟ್ಟೆ. ನೀರು ತಡವಾದರೆ ಮೊಟ್ಟೆ ಹೊಟ್ಟೆಯಲ್ಲೇ ಹಾಳು.

ಆ ವರ್ಷ ಮಳೆ ತಡವಾಯಿತು. ಊರವರು ಮದ್ದು ತುಂಬಿದ ಬಿದಿರಿನ ಬಾಣ ಹಾರಿಸಿ ಮುಗಿಲ ದೊರೆ ಥೇನ್‌ನನ್ನು ಕೇಳಿದ್ದೂ ಆಗಿತ್ತು. ಹಿಂದೆ ಕಪ್ಪೆರಾಜ ಥೇನ್‌ನ ಮೇಲೆ ದಂಡೆತ್ತಿ ಹೋಗಿ ಗೆದ್ದಾಗ ಆದ ಒಪ್ಪಂದ ಅದು: ಮಳೆ ಬೇಕಾದರೆ ಜನ ಬಾಣ ಹಾರಿಸಬೇಕು, ಮಳೆ ತಲುಪಿದರೆ ಕಪ್ಪೆ ಕೂಗಿ ತಿಳಿಸಬೇಕು. ಆದರೆ ಹನಿ ಬೀಳುವ ಮೊದಲೇ ಕಂಪೂನಳ ಒಂದು ತೊಟ್ಟಿಯ ಕಪ್ಪೆಗಳು ಪೈಪಿನ ನೀರಿಗೆ ಒಂದು ಸಂಜೆ ಊರೆಲ್ಲ ಕೇಳುವಂತೆ ಕೂಗಿಬಿಟ್ಟಿದ್ದವು. ತಗೋ, ಮಳೆ ಬಾರದ್ದಕ್ಕೆ ಒಂಟಿ ಹೆಂಗಸು ಸಿಕ್ಕಳಲ್ಲ!

ಊರ ಯಜಮಾನ ವಿಯಂಗ್ ತನ್ನ ಅಂಗಳದಲ್ಲಿ ಪಂಚಾಯಿತಿ ಕೂರಿಸಿದ. ಮುದುಕ ಸೀಹೋ ಎದ್ದು ನಿಂತ.

"ಏ ಕಂಪೂನ್, ನಮ್ಮ ಬಾಯಿಗೆ ಮಣ್ಣು ಹಾಕಿದೆಯಲ್ಲೇ! ನಿನ್ನ ಕಪ್ಪೆ ಮುಟ್ಟಿತು ಮುಟ್ಟಿತು ಅಂತ ಕೂಗಿದ್ದಕ್ಕೆ ಥೇನ್ ಬಾಗಿಲು ಹಾಕ್ಕೊಂಡಿದ್ದಾನೆ."

"ಅವಕ್ಕೆ ನೀರು ಮುಟ್ಟಿತ್ತು ಅಜ್ಜಾ, ಕೂಗಿದ್ವು. ಕುಡಿದು ಬಂದು ಇಲ್ಲದ್ದನ್ನ ಇದೆ ಅನ್ನೋಕೆ ಅವೇನು ನೀನಾ?"

ಹಿಂದೆ ಕೂತವರು ಕಿಸಕ್ಕೆಂದರು. ಯಜಮಾನನ ಹೆಂಡತಿ ಬಾಯಿ ಹಾಕಿದಳು, "ಗಂಡನ್ನ ಹಿಡಿದಿಟ್ಕೊಳ್ಳೋಕೆ ಆಗ್ಲಿಲ್ಲ, ಮುಗಿಲನ್ನ ಆಡಿಸೋಕೆ ಹೊರಟಿದ್ದಾಳೆ."

"ಹೌದು ಅತ್ತಿಗೆ. ಕಪ್ಪೆ ನನ್ನ ಹೊಟ್ಟೆಗೆ ಹಾಕಿದಷ್ಟು ಅವನು ಹಾಕಿದ್ರೆ ಹಿಡಿದಿಟ್ಕೊಳ್ತಿದ್ದೆ."

ವಿಯಂಗ್ ಕೈ ಎತ್ತಿದ. "ಸಾಕು ತಂಗೀ. ಮಳೆ ಬರೋವರೆಗೆ ಪೈಪು ತೆರೀಬೇಡ. ಇದು ಊರಿನ ಮಾತು."

"ಉಳಿದ ತೊಟ್ಟಿಗಳಲ್ಲಿ ಹೆಣ್ಣುಗಳ ಪಕ್ಕೆ ತರಿತರಿ ಅಂತಿದೆ ಯಜಮಾನ್ರೇ. ಇವತ್ತು ನಾಳೇಲಿ ನೀರು ಬೀಳದಿದ್ರೆ ಈ ಸಲದ ಮರಿ ಹೋಯ್ತು. ವರ್ಷ ಪೂರ್ತಿ ನಾನೇನು ತಿನ್ನಲಿ, ನಿಮ್ಮ ಮೀಸೆನಾ?"

"ಹಾಗಾದ್ರೆ ಥೇನ್‌ಗೆ ಉತ್ತರ ಹೇಳೋರು ಯಾರು?"

"ನಾನೇ ಹೇಳ್ತೀನಿ!"

ಅಂಗಳದ ಮೂಲೆಯ ಕಂಬದ ಮೇಲೆ ಯಜಮಾನ ದಿನಾ ಬೆಳಗ್ಗೆ ಊರಿಗೆ ಸುದ್ದಿ ಹೇಳುವ ಮೈಕಿನ ತುತ್ತೂರಿ ಇತ್ತು. ಕಂಪೂನ್ ಲುಂಗಿ ಎತ್ತಿ ಕಟ್ಟಿ, ಏಣಿ ಹಾಕಿ ಹತ್ತಿ, ಊರಿನ ಕಡೆಗಿದ್ದ ತುತ್ತೂರಿಯ ಬಾಯನ್ನು ನೆಟ್ಟಗೆ ಮೇಲಕ್ಕೆ ತಿರುಗಿಸಿದಳು. ಇಳಿದು ಬಂದು ಮೈಕು ಹಿಡಿದಳು.

"ಥೇನ್ ದೊರೆಯೇ, ನಾನು ಕಂಪೂನ್. ಇವತ್ತು ಸಂಜೆ ನನ್ನ ಕಪ್ಪೆ ಕೂಗ್ತವೆ. ಅದು ನನ್ನ ಬೋರಿನ ನೀರಿಗೆ, ನೀನು ಕೊಟ್ಟದ್ದಕ್ಕಲ್ಲ. ನೀನು ಒಂದು ಹನಿ ಕೊಟ್ಟಿಲ್ಲ. ಕೊಟ್ಟೆ ಅಂತ ಹೆಸರು ತಗೋಬೇಡ! ಒಪ್ಪಂದ ಮುರಿದವನು ನೀನು, ಕಪ್ಪೆಗಳಲ್ಲ."

ದೊರೆಯನ್ನು ಹೀಗೆ ಬೈದವರನ್ನು ಯಾರೂ ಕಂಡಿರಲಿಲ್ಲ. ಸೀಹೋ ಮೈಕಿನ ಹತ್ತಿರ ಬಂದ. ಅವನ ಗದ್ದೆಯೂ ಬಿರುಕು ಬಿಟ್ಟಿತ್ತು.

"ಇನ್ನೊಂದ್ಸಲ ಹೇಳೇ, ಜೋರಾಗಿ. ಮುದುಕ ಅವನು, ಕಿವಿ ಮಂದ ಇರ್ತದೆ."

ಅವಳು ಇನ್ನೊಮ್ಮೆ ಹೇಳಿ ನೆಟ್ಟಗೆ ಮನೆಗೆ ನಡೆದಳು. ಹೊತ್ತು ಮುಳುಗುವಾಗ ಪೈಪು ತೆರೆದಳು. ತೊಟ್ಟಿಗಳ ಕಪ್ಪೆಗಳೆಲ್ಲ ಒಟ್ಟಿಗೆ ಒದರಿದವು. ವಿಯಂಗ್ ಬೇಲಿಯ ಹತ್ತಿರ ಬಂದು ನಿಂತ.

"ಮುಚ್ಚಿಸೋಕೆ ಬಂದ್ರಾ?"

"ಇಲ್ಲಮ್ಮ. ಬೆಳಗ್ಗೆ ಊರಿಗೆ ಸುದ್ದಿ ಹೇಳ್ಬೇಕು, ಆ ತುತ್ತೂರಿ ಕೆಳಗೆ ತಿರುಗಿಸಿ ಕೊಡು. ನನಗೆ ಏಣಿ ಹತ್ತೋಕೆ ಮಂಡಿ ಬಿಡೋದಿಲ್ಲ."

"ಅವನು ಮಳೆ ಬಿಡಲಿ," ಎಂದಳು ಕಂಪೂನ್, "ಆಮೇಲೆ ತಿರುಗಿಸ್ತೀನಿ."