ನಜ್ಜರೇನಾ ಬಾಯಿ ಬಿಟ್ಟದ್ದು

ನಜ್ಜರೇನಾಗೆ ಆಟಗಾರರ ಕಾರ್ಡು ಕೊಡಬಾರದು ಎಂದು ಕೈಯೆತ್ತಿದ ಹದಿನೇಳು ಗಂಡಸರಲ್ಲಿ ನಾನೂ ಒಬ್ಬ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಾನು ಅವಳನ್ನು ಹೊಗಳುವುದನ್ನು ಕೇಳಿ, ಈ ಒತ್ತಾವಿಯೊ ಮೊದಲಿನಿಂದಲೂ ಅವಳ ಕಡೆಯವನು ಎಂದು ನೀವು ತಿಳಿದೀರಿ. ಹಾಗೇನಿಲ್ಲ. ಕ್ಲಬ್ಬಿನ ಕಾರ್ಯದರ್ಶಿಯಾಗಿ ಆ ನಿರ್ಣಯವನ್ನು ಪುಸ್ತಕದಲ್ಲಿ ದುಂಡಗೆ ಬರೆದು, ಕೆಳಗೆ ಗೆರೆ ಎಳೆದವನೂ ನಾನೇ.

ನಮ್ಮ ಕಾಸ್ತೆಲ್‌ಬ್ರುನ್ಯೊದಲ್ಲಿ ಗುಡ್ಡದ ನೆತ್ತಿಗೆ ಚರ್ಚು, ನಡುವೆ ಬೂಟಿನ ಕಾರ್ಖಾನೆ, ಕೆಳಗೆ ಚೆಂಡು ಉರುಳಿಸಿ ಆಡುವ ಬೊಚ್ಚೆಯ ಕ್ಲಬ್ಬು. ನಿವೃತ್ತರಾದವರು ಈ ಮೂರರಲ್ಲಿ ಕೊನೆಯದಕ್ಕೆ ಹೆಚ್ಚು ನಿಷ್ಠರು. ಎರಡು ಉದ್ದನೆಯ ಅಂಕಣ, ಇಸ್ಪೀಟಿಗೆ ಆರು ಮೇಜು, ಗೋಡೆಯಲ್ಲಿ ಒಂದು ಕಿಂಡಿ. ಕಿಂಡಿಯ ಆಚೆ ಅಡುಗೆಮನೆ. ಅಲ್ಲಿ ನಜ್ಜರೇನಾ ಕೊಂಪಾನ್ಯುಚ್ಚಿ ಹದಿನೆಂಟು ವರ್ಷ ನಮಗೆ ಬೇಯಿಸಿ ಹಾಕಿದಳು. ಗಂಡ ಸೆತ್ತೀಮಿಯೊ ಕಾರ್ಖಾನೆಯ ಲಾರಿ ಓಡಿಸುತ್ತಿದ್ದ. ಅವಳ ಕೈಯ ವಿಂಚಿಸ್‌ಗ್ರಾಸ್ಸಿ ಎಂಬ ಪದರ ಪದರದ ಪಾಸ್ತಾ ತಿನ್ನಲು ಮೊದಲೆಲ್ಲ ಭಾನುವಾರ ಪಾದ್ರಿಗಳು ಪ್ರಾರ್ಥನೆಯನ್ನೇ ಚಿಕ್ಕದು ಮಾಡುತ್ತಿದ್ದರು. ಮೋಟು ಕಾಲು, ಅಗಲ ಹೆಗಲು, ಕೆಂಪು ಕೈ. ಆ ಕೈಯಿಂದ ಇನ್ನೇನಾದರೂ ಆದೀತು ಎಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ.

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಊರು ಮಲಗುತ್ತದೆ. ಪಾತ್ರೆ ತೊಳೆದಿಟ್ಟು ಅವಳು ಅಂಕಣಕ್ಕೆ ಇಳಿಯುತ್ತಿದ್ದದ್ದು ಆಗ. ಜೊತೆಗೆ ಗಂಡ, ಇಲ್ಲವೇ ನಿದ್ದೆ ಬಾರದ ಮುದುಕ ಕ್ವಿಂತೊ. ಆದರೆ ಆ ಹೊತ್ತಿನಲ್ಲಿ ಕ್ಲಬ್ಬಿನಲ್ಲಿ ಯಾರೂ ಬಾಯಿ ಬಿಡುವಂತಿಲ್ಲ. ಮಹಡಿಯ ಮೇಲೆ ವಿಧವೆ ಎಲ್ವೇತ್ಸಿಯಾ ಇದ್ದಳು. ಅವಳ ಗಂಡನೂ ಬೊಚ್ಚೆ ಆಟಗಾರ. "ಚೆಂಡಿನ ಸದ್ದಿಗೆ ನಂಗೆ ನಿದ್ದೆ ಬರುತ್ತೆ. ನಿಮ್ಮ ಗಂಟಲು ಕೇಳಿಸ್ತೋ, ಬಕೆಟ್ ನೀರು ತಲೆ ಮೇಲೆ!" ಎಂದಿದ್ದಳು. ಎರಡು ಸಲ ಸುರಿದೂ ಇದ್ದಳು.

ಬೊಚ್ಚೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಪಲ್ಲೀನೊ ಎಂಬ ಪುಟ್ಟ ಗುರಿಚೆಂಡಿನ ಹತ್ತಿರ ಯಾರ ಚೆಂಡು ಕೂತಿದೆಯೋ ಅವರಿಗೆ ಅಂಕ. ಕೂತಿರುವ ಚೆಂಡನ್ನು ಹೊಡೆದು ಎಬ್ಬಿಸಲೂಬಹುದು. ಆದರೆ ಯಾವುದನ್ನು ಹೊಡೆಯುತ್ತೀರಿ ಎಂದು ಮೊದಲು ಬಾಯಿ ಬಿಟ್ಟು ಹೇಳಬೇಕು. ಹೇಳದೆ ಹೊಡೆದರೆ ಎಷ್ಟು ಚೆಂದದ ಹೊಡೆತವಾದರೂ ನೀರಲ್ಲಿ ಹೋಮ. ಎಲ್ವೇತ್ಸಿಯಾಳ ಬಕೆಟ್ಟಿಗೆ ಹೆದರಿ ನಮ್ಮ ಕ್ಲಬ್ಬಿನಲ್ಲಿ ಮಧ್ಯಾಹ್ನದ ಆಟಕ್ಕೆ ಬೆರಳಿನ ಸನ್ನೆ ಬಂತು. ಮುಂದಿನ ಚೆಂಡಿಗೆ ಒಂದು ಬೆರಳು, ಅದರ ಹಿಂದಿನದಕ್ಕೆ ಎರಡು, ಪಲ್ಲೀನೊಗೆ ಮುಷ್ಟಿ. ನಜ್ಜರೇನಾ ಕಲಿತದ್ದೆಲ್ಲ ಈ ಮೂಕ ಆಟದಲ್ಲೇ.

ಒಂದು ಮಧ್ಯಾಹ್ನ ಹಲ್ಲುನೋವಿಗೆ ನಿದ್ದೆ ಬಾರದೆ ಕ್ಲಬ್ಬಿಗೆ ಹೋಗಿದ್ದೆ. ಬಾಗಿಲ ಸಂದಿಯಿಂದ ನೋಡಿದೆ. ನಜ್ಜರೇನಾ ಏಪ್ರನ್ ಕಟ್ಟಿಕೊಂಡೇ ನಾಲ್ಕು ಹೆಜ್ಜೆ ಓಡಿ ಬಂದು ಹೊಡೆದಳು. ಐದಕ್ಕೆ ಐದು ತಾಗಿದವು. ಹಲ್ಲುನೋವು ಮರೆತೇಹೋಯಿತು. ಆದರೆ ಈ ವಿಷಯ ಯಾರಿಗೂ ಹೇಳಲಿಲ್ಲ. ಹೊಟ್ಟೆಕಿಚ್ಚು ಎನ್ನಿ, ನನಗೇನೂ ಬೇಜಾರಿಲ್ಲ.

ಅವಳು ಕಾರ್ಡು ಕೇಳಿದ ದಿನ ಸಭೆ ಸೇರಿತು. ಅಧ್ಯಕ್ಷ ಅಮೆದೇಯೊ ಮೀಸೆ ನೀವಿಕೊಂಡು, "ಹೆಂಗಸ್ರು ಅಂಕಣಕ್ಕೆ ಇಳಿದ್ರೆ ಒಲೆ ಮುಂದೆ ಯಾರು ನಿಲ್ತಾರಪ್ಪ? ನೀನು ನಿಲ್ತೀಯಾ ಒತ್ತಾವಿಯೊ?" ಎಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು. ಹದಿನೇಳು ಕೈ ಮೇಲೆದ್ದವು. ಕಿಂಡಿ ತೆರೆದೇ ಇತ್ತು, ಅವಳಿಗೆ ಎಲ್ಲವೂ ಕೇಳಿಸಿತ್ತು. ಬಂದು ತಟ್ಟೆ ಇಟ್ಟು, "ಸೂಪು ಬಿಸಿ ಇದೆ. ನಿಧಾನ, ನಾಲಿಗೆ ಸುಟ್ಕೊಂಡೀರಿ," ಎಂದಷ್ಟೇ ಹೇಳಿ ಒಳಗೆ ಹೋದಳು.

ಮಾರನೆಯ ದಿನ ಬಸ್ಸು ಹತ್ತಿ ರಿಪಾಲ್ತಾಗೆ ಹೋಗಿ ಅಲ್ಲಿ ಕಾರ್ಡು ಮಾಡಿಸಿಕೊಂಡಳು. ರಿಪಾಲ್ತಾ ಅಂದರೆ ಎದುರು ಗುಡ್ಡ. ಅವರ ಚರ್ಚಿನ ಗಂಟೆ ಬೇಕೆಂದೇ ನಮ್ಮದಕ್ಕಿಂತ ಐದು ನಿಮಿಷ ಮೊದಲು ಹೊಡೆಯುತ್ತದೆ ಎಂದು ನಮ್ಮ ಅಜ್ಜಂದಿರ ಕಾಲದಿಂದಲೂ ಎರಡೂರಿಗೆ ಎಣ್ಣೆ ಸೀಗೆಕಾಯಿ. ವಾರವೆಲ್ಲ ನಮಗೆ ಅಡುಗೆ, ಶನಿವಾರ ಭಾನುವಾರ ರಿಪಾಲ್ತಾಗೆ ಆಟ. ಹೀಗೆ ನಾಲ್ಕು ವರ್ಷ. ಜಿಲ್ಲೆ ಗೆದ್ದಳು, ಪ್ರಾಂತ್ಯ ಗೆದ್ದಳು, ದೇಶದ ಪಂದ್ಯದಲ್ಲಿ ಎರಡನೆಯವಳಾದಳು. ಮೊದಲನೆಯವಳ ಮೊಣಕಾಲು ಕೈಕೊಟ್ಟಿತು. ಮೆಡಿಟರೇನಿಯನ್ ಕ್ರೀಡಾಕೂಟಕ್ಕೆ ನಲವತ್ತೇಳು ವಯಸ್ಸಿನ ನಜ್ಜರೇನಾಗೆ ಇಟಲಿಯ ನೀಲಿ ಅಂಗಿ ಬಂತು.

ಪತ್ರಿಕೆಯಲ್ಲಿ 'ರಿಪಾಲ್ತಾದ ಹೆಮ್ಮೆಯ ಮಗಳು' ಎಂದು ಬಂದಿತ್ತು. ನಮ್ಮ ಮೇಜುಗಳಿಗೆ ಬೆಂಕಿ ಬಿದ್ದಂತಾಯಿತು.

"ರಿಪಾಲ್ತಾದ ಮಗಳಂತೆ! ಅವಳ ಹೊಕ್ಕುಳಬಳ್ಳಿ ಬಿದ್ದಿದ್ದು ಇಲ್ಲಿ!" ಎಂದು ಅಮೆದೇಯೊ ಪತ್ರಿಕೆಯನ್ನು ಮೇಜಿಗೆ ಬಡಿದ.

ಕಿಂಡಿಯಿಂದ ತಲೆ ಹೊರಗೆ ಬಂತು. "ಕಾರ್ಡು ಕೊಟ್ಟಿದ್ದು ಎಲ್ಲಿ ಅಧ್ಯಕ್ಷರೇ? ಬೇಕಿದ್ರೆ ಒತ್ತಾವಿಯೊನ ಪುಸ್ತಕ ತೆಗೆಸಿ ನೋಡಿ. ಅಕ್ಷರ ಚೆನ್ನಾಗಿದೆ."

ಹೊರಡುವ ಹಿಂದಿನ ದಿನ ತಡೆಯಲಾರದೆ ನಾನೇ ಕಿಂಡಿಯ ಹತ್ತಿರ ಹೋದೆ.

"ಗೆಲ್ತೀಯೇನೇ ನೇನಾ?"

"ಗೆದ್ರೆ ಈ ಅಡುಗೆಮನೆಗೆ ಕೈ ಮುಗಿದು ಹೊರಬೀಳ್ತೀನಿ ಕಣೋ. ಆಟಗಾರ್ತಿಯಾಗೇ ಈ ಊರಲ್ಲಿ ಓಡಾಡ್ತೀನಿ. ಸೋತ್ರೆ ಸಾಯೋವರೆಗೂ ನಿಮ್ಮ ಬಾಯಲ್ಲಿ ನಾನು ಅಡುಗೆಯವಳೇ."

"ಬೆಳ್ಳಿ ಬಂದ್ರೂ ದೊಡ್ಡದೇ ಅಲ್ವಾ?"

"ಬೆಳ್ಳಿ ತಂದವಳ ಬೆನ್ನು ತಟ್ಟಿ ಮತ್ತೆ ಒಲೆ ಮುಂದೆ ನಿಲ್ಲಿಸ್ತೀರಿ. ನಿಮ್ಮನ್ನ ನಾನು ಹದಿನೆಂಟು ವರ್ಷದಿಂದ ನೋಡ್ತಿಲ್ವಾ?" ಎಂದು ಈರುಳ್ಳಿ ಹೆಚ್ಚತೊಡಗಿದಳು. ಅವಳು ಹೇಳಿದ್ದು ಅಕ್ಷರಶಃ ನಿಜ.

ಕೂಟ ಆ ವರ್ಷ ನಮ್ಮದೇ ಕರಾವಳಿಯಲ್ಲಿ ನಡೆದಿತ್ತು. ಬಸ್ಸಿನಲ್ಲಿ ಎರಡೂವರೆ ಗಂಟೆಯ ದಾರಿ. ಬಸ್ಸು ಮಾಡಿದ್ದು ರಿಪಾಲ್ತಾದವರು, ಹಿಂದಿನ ಸೀಟುಗಳಲ್ಲಿ ಮುಖ ಕೆಳಗೆ ಹಾಕಿ ಕೂತದ್ದು ನಾವು. "ಬನ್ನಿ ಬನ್ನಿ, ನಮ್ಮ ಹುಡುಗಿ ಆಟ ನೋಡೋಕೆ ಬಂದ್ರಾ? ಪಾಪ, ನಿಮ್ಮೂರಲ್ಲಿ ಯಾರೂ ಆಡೋರಿಲ್ವೇನೋ!" ಎಂದು ದಾರಿಯುದ್ದಕ್ಕೂ ಹಂಗಿಸಿದರು. ಅವರ ಬ್ರೆಡ್ಡು, ಅವರ ಸಾಸೇಜು ತಿಂದು ಅವರಿಗೇ ಉತ್ತರ ಕೊಡುವುದು ಹೇಗೆ? ನುಂಗಿಕೊಂಡೆವು.

ಮೊದಲ ಮೂರು ಪಂದ್ಯ ಅವಳು ಬೆವರೂ ಹನಿಸದೆ ಗೆದ್ದಳು. ಪಲ್ಲೀನೊ ಪಕ್ಕ ಚೆಂಡು ಇಟ್ಟಿಟ್ಟೇ ಗೆದ್ದಳು, ಹೊಡೆಯುವ ಪ್ರಮೇಯ ಬಂದದ್ದು ಕಡಿಮೆ. ಬಂದಾಗಲೂ ಬಾಯಿ ಬಿಟ್ಟೇ ಹೇಳಿದಳು. ರಿಪಾಲ್ತಾದವರು ನಾಲ್ಕು ವರ್ಷ ಅದನ್ನು ರೂಢಿ ಮಾಡಿಸಿದ್ದರು. ಫೈನಲಿಗೆ ಎದುರು ನಿಂತವಳು ತುರ್ಕಿಯ ಸೆಲ್ಜಾನ್. ಇಪ್ಪತ್ತಮೂರು ವರ್ಷ, ಬಳುಕುವ ಮೈ, ಬೆಕ್ಕಿನ ಹೆಜ್ಜೆ. ಮೊದಲು ಹನ್ನೆರಡು ಅಂಕ ಮುಟ್ಟಿದವರಿಗೆ ಚಿನ್ನ. ತೀರ್ಪುಗಾರ್ತಿ ಸ್ಪೇನಿನ ಸಣಕಲು ಹೆಂಗಸು, ನಗುವೆಂದರೇನು ಎಂದು ಗೊತ್ತಿಲ್ಲದವಳು.

ಏಳು ಏಳು ಸಮವಾಗಿದ್ದಾಗ ಸೆಲ್ಜಾನಳ ಚೆಂಡು ಪಲ್ಲೀನೊಗೆ ಅಂಟಿಕೊಂಡು ಕೂತಿತು. ಇಡೀ ಸಭಾಂಗಣ ಉಸಿರು ಹಿಡಿದಿತ್ತು. ಆ ನಿಶ್ಶಬ್ದವೇ ನಮ್ಮವಳಿಗೆ ಮುಳುವಾಯಿತು. ನಮ್ಮ ಮಧ್ಯಾಹ್ನಗಳಂಥದೇ ನಿಶ್ಶಬ್ದ. ನಜ್ಜರೇನಾಳ ಎಡಗೈ ತಾನಾಗಿ ಮೇಲೆದ್ದಿತು. ಒಂದು ಬೆರಳು. ನಾಲ್ಕು ಹೆಜ್ಜೆ ಓಡಿದಳು, ಹೊಡೆದಳು. ಸೆಲ್ಜಾನಳ ಚೆಂಡು ಹಾರಿಹೋಯಿತು, ನಜ್ಜರೇನಾಳದು ಅದೇ ಜಾಗದಲ್ಲಿ ನಿಂತಿತು. ನಾವು ಎದ್ದು ಕುಣಿಯುತ್ತಿದ್ದೆವು. ಅಷ್ಟರಲ್ಲಿ ತೀರ್ಪುಗಾರ್ತಿ ಕೈಯೆತ್ತಿದಳು. ಹೇಳಿಲ್ಲ. ಹೊಡೆತ ರದ್ದು. ಚೆಂಡುಗಳು ಮೊದಲಿದ್ದ ಗುರುತಿಗೆ ವಾಪಸು ಬಂದವು, ನಜ್ಜರೇನಾಳ ಚೆಂಡು ಹೊರಗೆ ಹೋಯಿತು. ಸೆಲ್ಜಾನ್ ಆ ಸುತ್ತಿನಲ್ಲಿ ಮೂರು ಅಂಕ ಬಾಚಿಕೊಂಡಳು. ಏಳು ಹತ್ತು.

"ಏನದು ಬೆರಳು?" ಎಂದು ಮುಂದಿನ ಸಾಲಿನ ರಿಪಾಲ್ತಾದವನು ನಮ್ಮ ಕಡೆ ತಿರುಗಿ ಕೇಳಿದ. "ಹೇಳ್ರಪ್ಪ, ಇದು ನಿಮ್ಮೂರ ರೋಗ ತಾನೆ?"

ಹೌದು, ನಮ್ಮದೇ ರೋಗ. ಸಂಜೆ ಹೊತ್ತು ಎಲ್ಲರ ಜೊತೆ ಕೂಗಿ ಆಡುವ ಜಾಗ ನಾವು ಕೊಟ್ಟಿದ್ದರೆ ಅವಳ ಕೈಗೆ ಆ ಅಭ್ಯಾಸವೇ ಹತ್ತುತ್ತಿರಲಿಲ್ಲ. ಕದ್ದು ಆಡಿದವಳ ತಪ್ಪು ಅದು, ಕದ್ದು ಆಡುವಂತೆ ಮಾಡಿದವರು ನಾವು. ನಾನು ಮಾಡಿದ ತಪ್ಪಿಗೆ ಅವಳು ಅಷ್ಟು ಜನರ ಮುಂದೆ ತಲೆ ತಗ್ಗಿಸಿದ್ದನ್ನು ನೋಡಲಾಗಲಿಲ್ಲ.

ಅವಳು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು, ಹಿಟ್ಟು ಒರೆಸಿಕೊಳ್ಳುವ ಹಾಗೆ. ಮುಂದಿನ ಸುತ್ತಿನಲ್ಲಿ ಎರಡು ಅಂಕ, ಅದರ ಮುಂದಿನದರಲ್ಲಿ ಒಂದು. ಇಟ್ಟು ಇಟ್ಟು ತೆಗೆದಳು, ಹೊಡೆಯುವ ಗೋಜಿಗೇ ಹೋಗಲಿಲ್ಲ. ಹತ್ತು ಹತ್ತು.

ಆಮೇಲೆ ಆ ಸುತ್ತು ಬಂತು. ಪಲ್ಲೀನೊ ಪಕ್ಕ ಸೆಲ್ಜಾನಳ ಎರಡು ಚೆಂಡು ಬಾಗಿಲ ಕಾವಲುಗಾರರಂತೆ ಕೂತವು. ಎರಡು ಅಂದರೆ ಹನ್ನೆರಡು, ಅಂದರೆ ಆಟ ಮುಗಿಯಿತು. ನಜ್ಜರೇನಾಳ ಎರಡು ಚೆಂಡು ಉರುಳಿ ಹೋಗಿ ಹಿಂದಿನ ಹಲಗೆಯ ಹತ್ತಿರ ಕೆಲಸಕ್ಕೆ ಬಾರದೆ ನಿಂತಿದ್ದವು. ಸೆಲ್ಜಾನಳ ಚೆಂಡುಗಳು ಮುಗಿದಿದ್ದವು, ಇವಳ ಕೈಯಲ್ಲಿ ಉಳಿದದ್ದು ಒಂದೇ ಚೆಂಡು. ಪಕ್ಕದಲ್ಲಿ ಇಡಲು ಜಾಗವಿಲ್ಲ. ಒಂದನ್ನು ಹೊಡೆದರೆ ಇನ್ನೊಂದು ಅಲ್ಲೇ ಇರುತ್ತದೆ.

"ಪಲ್ಲೀನೊನೇ ಹೊಡೀಬೇಕು," ಎಂದು ಅಮೆದೇಯೊ ನನ್ನ ತೊಡೆ ಹಿಂಡಿದ. "ಅದನ್ನ ಎತ್ತಿ ಹಿಂದಕ್ಕೆ ನಮ್ಮವಳ ಚೆಂಡುಗಳ ಹತ್ರ ಕಳಿಸ್ಬೇಕು. ಆಗೋ ಮಾತಲ್ಲ ಬಿಡು."

ನಿಂಬೆಹಣ್ಣಿನಷ್ಟು ಗುರಿ, ಎರಡು ಕಾವಲುಗಾರರ ನಡುವೆ, ಹದಿನೆಂಟು ಮೀಟರ್ ದೂರ. ನಜ್ಜರೇನಾ ಗೆರೆಯ ಮೇಲೆ ನಿಂತಳು. ಅವಳ ಎಡಗೈ ಮಡಚಿಕೊಂಡು ಮುಷ್ಟಿಯಾಗುವುದನ್ನು ನಾನು ನೋಡಿದೆ. ನಾವು ಹದಿನೇಳು ಜನರೂ ಒಟ್ಟಿಗೆ ಎದ್ದುಬಿಟ್ಟೆವು.

"ಬಾಯಿ ಬಿಡೇ ನೇನಾ! ಬಾಯಿ ಬಿಡು!"

ತೀರ್ಪುಗಾರ್ತಿ ಕೆಂಗಣ್ಣಿನಿಂದ ನಮ್ಮತ್ತ ನೋಡಿದಳು. ಕಾವಲಿನವನೊಬ್ಬ ಓಡಿ ಬಂದ. ನಜ್ಜರೇನಾ ನಿಧಾನವಾಗಿ ತಿರುಗಿ ನಮ್ಮನ್ನು ಒಂದು ಸಲ ನೋಡಿದಳು, ಗದ್ದಲ ಮಾಡುವ ಮಕ್ಕಳನ್ನು ನೋಡುವಂತೆ. ತುಟಿಯ ಮೇಲೆ ಬೆರಳಿಟ್ಟಳು. ನಾವು ಕೂತೆವು.

ಮತ್ತೆ ಅಂಕಣದತ್ತ ತಿರುಗಿ, ಹೊಟ್ಟೆಯ ಆಳದಿಂದ ಕೂಗಿದಳು:

"ಪಲ್ಲೀನೊ!"

ಅದೆಂಥ ದನಿ! ಸೆಲ್ಜಾನ್ ಒಂದು ಹೆಜ್ಜೆ ಹಿಂದೆ ಸರಿದಳು. ಆ ಸಣಕಲು ತೀರ್ಪುಗಾರ್ತಿ ಕೂಡ ಬೆಚ್ಚಿ ತಲೆಯಾಡಿಸಿದಳು. ನಾಲ್ಕು ಹೆಜ್ಜೆ. ಚೆಂಡು ಕೈಬಿಟ್ಟಿತು. ಅದು ಗಾಳಿಯಲ್ಲಿದ್ದಷ್ಟು ಹೊತ್ತು ನಾನು ಪ್ರಾರ್ಥನೆ ಮಾಡಿದೆ, ಮೂವತ್ತು ವರ್ಷದಲ್ಲಿ ಮೊದಲ ಸಲ. ಟಕ್! ಪಲ್ಲೀನೊ ಎರಡು ಕಾವಲುಗಾರರ ನಡುವಿನಿಂದ ಚಿಮ್ಮಿ, ಹಿಂದಿನ ಹಲಗೆಗೆ ಬಡಿದು, ಒಂದು ಗೇಣು ವಾಪಸು ಉರುಳಿ, ನಜ್ಜರೇನಾಳ ಎರಡು ಚೆಂಡುಗಳ ಮಧ್ಯೆ ನಿಂತಿತು. ಅಳೆಯುವ ಅಗತ್ಯವೇ ಇರಲಿಲ್ಲ. ಹನ್ನೆರಡು ಹತ್ತು.

ಆಮೇಲೆ ಏನಾಯಿತು ಎಂದು ಕ್ರಮವಾಗಿ ಹೇಳಲಾರೆ. ಅಮೆದೇಯೊ ರಿಪಾಲ್ತಾದವನೊಬ್ಬನ ಕೆನ್ನೆಗೆ ಮುತ್ತಿಟ್ಟ. ಸೆತ್ತೀಮಿಯೊ ಮುಖ ಮುಚ್ಚಿಕೊಂಡು ಅತ್ತ. ಸೆಲ್ಜಾನ್ ಬಂದು ನಜ್ಜರೇನಾಳನ್ನು ತಬ್ಬಿಕೊಂಡಳು, ಅವಳ ಗದ್ದ ನಮ್ಮವಳ ನೆತ್ತಿಗೆ ತಾಗುತ್ತಿತ್ತು. ಧ್ವಜ ಏರಿತು, ರಾಷ್ಟ್ರಗೀತೆ ಮೊಳಗಿತು. ಪದಕ ಹಾಕಿಕೊಂಡ ನಜ್ಜರೇನಾ ಹಾಡಿದಳು. ಅವಳ ಶ್ರುತಿ ತಪ್ಪಿದ ಹಾಡು ಮೈಕಿಲ್ಲದೆಯೇ ಕೊನೆಯ ಸಾಲಿಗೂ ಕೇಳಿಸಿತು.

ಹಿಂದಿರುಗುವ ಬಸ್ಸಿನಲ್ಲೇ ನಾವು ತುರ್ತು ಸಭೆ ಮಾಡಿದೆವು. ಹದಿನೇಳು ಕೈ ಎದ್ದವು. ಗೌರವ ಸದಸ್ಯತ್ವದ ಕಾರ್ಡನ್ನು ನಾನೇ ಬರೆದೆ. ಬಸ್ಸು ಕುಲುಕುತ್ತಿದ್ದರಿಂದ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಅಮೆದೇಯೊ ಮುಂದಿನ ಸೀಟಿಗೆ ಹೋಗಿ ಎರಡೂ ಕೈಯಲ್ಲಿ ಹಿಡಿದು ನಜ್ಜರೇನಾಗೆ ಕೊಟ್ಟ.

ಅವಳು ಓದಿ ಮಡಚಿ ಅವನ ಜೇಬಿಗೇ ಇಟ್ಟಳು. "ಗೌರವ ಅಂದ್ರೆ ಫೋಟೋ ಮಾಡಿ ಗೋಡೆಗೆ ಹೊಡೀತೀರಿ, ಅಷ್ಟೇ ಅಲ್ವಾ ಅಧ್ಯಕ್ಷರೇ? ನಾನು ರಿಪಾಲ್ತಾ ಆಟಗಾರ್ತಿ. ನೀವು ಬೇಡ ಅಂದಾಗ ಕರೆದು ಕೂರಿಸ್ಕೊಂಡವರನ್ನ ಬಿಡೋದಿಲ್ಲ. ಭಾನುವಾರ ನಿಮ್ಮ ಅಂಕಣಕ್ಕೆ ಪಂದ್ಯ ಆಡೋಕೆ ಬರ್ತೀನಿ. ಆಡೋ ಧೈರ್ಯ ಇದ್ಯಾ?"

ಇಡೀ ಬಸ್ಸು ನಕ್ಕಿತು. ಮುಂದಿನವರೂ ನಕ್ಕರು, ಹಿಂದಿನವರೂ ನಕ್ಕರು.

ಭಾನುವಾರ ರಿಪಾಲ್ತಾದ ಹಸಿರು ಅಂಗಿ ತೊಟ್ಟು ಮುಂಬಾಗಿಲಿನಿಂದ ಬಂದಳು. ಚೀಟಿ ಎತ್ತಿದಾಗ ಅವಳ ಎದುರು ಬಂದ ಹೆಸರು ನನ್ನದು. ಹನ್ನೆರಡು ಮೂರು. ಆ ಮೂರೂ ಅವಳು ಕನಿಕರದಿಂದ ಬಿಟ್ಟುಕೊಟ್ಟವು ಎಂದು ಅಮೆದೇಯೊ ಹೇಳುತ್ತಾನೆ, ಹೇಳಲಿ. ನಲವತ್ತು ವರ್ಷದ ಆಟದಲ್ಲಿ ಸೋತು ಇಷ್ಟು ಖುಷಿಪಟ್ಟದ್ದು ನನಗೆ ನೆನಪಿಲ್ಲ.

ಊಟದ ಹೊತ್ತಾಯಿತು. ನಜ್ಜರೇನಾ ಕುರ್ಚಿ ಎಳೆದು ಆಟಗಾರರ ಮೇಜಿಗೆ ಕೂತಳು. ಆಟಕ್ಕೆ ಮುಂಚೆಯೇ ಕಿಂಡಿಯ ಆಚೆ ಬೇಯಿಸಿ, ಬೆರಳು ಸುಟ್ಟುಕೊಂಡು, ಅಂಗಿಯ ಮೇಲೆಲ್ಲ ಟೊಮೆಟೊ ಚೆಲ್ಲಿಕೊಂಡು ಪಾಸ್ತಾ ಮಾಡಿಟ್ಟಿದ್ದವನು ನಾನು. ತಟ್ಟೆ ತಂದು ಅವಳ ಮುಂದೆ ಇಟ್ಟು, ಕೈ ಕಟ್ಟಿ ನಿಂತೆ. ಹದಿನಾರು ಜನ ಚಮಚ ಮುಟ್ಟದೆ ಅವಳನ್ನೇ ನೋಡುತ್ತಿದ್ದರು. ಅವಳು ಆತುರವಿಲ್ಲದೆ ತಟ್ಟೆ ಖಾಲಿ ಮಾಡಿ, ಬಾಯಿ ಒರೆಸಿಕೊಂಡು, "ಉಪ್ಪು ಸ್ವಲ್ಪ ಕಮ್ಮಿ ಕಣೋ," ಎಂದಳು.