ಭಟ್ಟರಿಗೆ ಕೊಟ್ಟ ಹಿಟ್ಟು

ಸುಬ್ರಾಯ ಭಟ್ಟರ ಮೂಗಿಗೆ ವಾಸನೆ ತಿಳಿಯುವುದಿಲ್ಲ ಎಂಬ ಸಂಗತಿಯನ್ನು ಅವರ ಹೋಟೆಲಿನ ಮಾಲೀಕರ ಮಗನಿಗೆ ಹೇಳಿದವನು ನಾನು. ಅವರನ್ನು ಅಡುಗೆಮನೆಯಿಂದ ಹೊರಗೆ ಹಾಕಿಸಿದವನು ನಾನು. ಬಾಯಿ ತಪ್ಪಿ ಬಂದ ಮಾತಲ್ಲ ಅದು — ಯೋಚಿಸಿ, ಅವರು ಆಚೆ ಹೋಗುವವರೆಗೆ ಕಾದು, ಮಾಲೀಕರ ಮಗನ ಪಕ್ಕಕ್ಕೆ ಹೋಗಿ ಹೇಳಿದ್ದು. ಹೇಳಿ ಮುಗಿಸಿದಾಗ ನನಗೆ ಆದದ್ದು ಸಂತೋಷ. ಇದನ್ನು ಮೊದಲು ಬರೆದುಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭವಾದೀತು ಎಂದುಕೊಂಡಿದ್ದೆ. ಆಗುತ್ತಿಲ್ಲ.

ನನ್ನ ಹೆಸರು ಶೀನ. ಕುಂದಾಪುರದ ಕಡೆಯವನು, ಮೀನು ಹಿಡಿಯುವವರ ಮನೆ ನಮ್ಮದು. ಹೈಸ್ಕೂಲು ಮುಗಿಸಿ ಮದರಾಸಿಗೆ ಬಂದು, ಪ್ಯಾರೀಸ್ ಕಾರ್ನರ್ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಕೆಲಸಕ್ಕೆ ಸೇರಿದೆ. ನಮ್ಮ ಊರಿನವರದೇ ಹೋಟೆಲು. ಮನೆ ಯಾವುದೆಂದು ದೊಡ್ಡ ಮಾಲೀಕರು ಕೇಳಿದ್ದರು, ಮುಚ್ಚಿಡದೆ ಹೇಳಿದ್ದೆ. ಒಳಗಿನ ಒಲೆಯ ಹತ್ತಿರ ಹೋಗಬಾರದು, ಇಲ್ಲಿ ಇರುವಷ್ಟು ಕಾಲ ಮೀನು ಮುಟ್ಟಬಾರದು ಎಂದರು. ಒಪ್ಪಿಕೊಂಡೆ.

ನನ್ನನ್ನು ಒಲೆಯ ಹತ್ತಿರ ಕರೆದುಕೊಂಡವರು ಭಟ್ಟರೇ. ಅವರು ಅಲ್ಲಿಯ ಮುಖ್ಯ ಅಡುಗೆಯವರು. ರುಬ್ಬುವ ಕಲ್ಲಿನ ಮುಂದೆ ಕೂತ ನನ್ನನ್ನು ಅವರು ಎಷ್ಟೋ ಕಾಲ ನೋಡಿದ್ದರಂತೆ. ಇವನ ಕೈಗೆ ಹದ ಗೊತ್ತು ಎಂದು ಮಾಲೀಕರ ಹತ್ತಿರ ವಾದ ಮಾಡಿ ಒಳಗೆ ತಂದರು. ಸಾಂಬಾರು ಕಲಿಸಿದರು. ಆ ಅಡುಗೆಮನೆಯಲ್ಲಿ ಯಾರೂ ರುಚಿ ನೋಡುವಂತಿರಲಿಲ್ಲ. ಮೊದಲ ಸೌಟು ದೇವರ ಪಟದ ಮುಂದೆ ಹೋಗಬೇಕು, ಅಲ್ಲಿಯವರೆಗೆ ನಾಲಿಗೆಗೆ ಒಂದು ಹನಿಯೂ ತಾಗಬಾರದು. ಉಪ್ಪು ಹುಳಿ ಎಲ್ಲವನ್ನೂ ಭಟ್ಟರು ಆವಿಯ ವಾಸನೆಯಲ್ಲೇ ಹೇಳುತ್ತಿದ್ದರು. ಕೊಪ್ಪರಿಗೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಒಮ್ಮೆ ಉಸಿರೆಳೆದು, "ಇನ್ನ್ ಚೂರ್ ಇಂಗ್" ಎನ್ನುವರು. ಅಷ್ಟೇ. ಆ ಮೂಗಿನ ಮೇಲೆ ಇಡೀ ಹೋಟೆಲು ನಿಂತಿತ್ತು. ಒಮ್ಮೆ ಕುದಿಯುವ ಸಾಂಬಾರು ನನ್ನ ಮುಂಗೈ ಮೇಲೆ ಬಿದ್ದಾಗ ಜೇನು ಸವರಿ, ವಾರಗಟ್ಟಲೆ ತಾವೇ ಬಟ್ಟೆ ಬದಲಾಯಿಸಿದವರು ಅವರು. ಕಲೆ ಈಗಲೂ ಇದೆ.

ಆದರೆ ನಾನು ಮಾತು ಉಳಿಸಿಕೊಳ್ಳಲಿಲ್ಲ. ರಜೆಯ ದಿನ ರಾಯಪುರಂ ಕಡಲದಂಡೆಗೆ ಹೋಗುತ್ತಿದ್ದೆ. ಅಲ್ಲಿ ಅಂತೋಣಿ ಎಂಬ ಮೀನುಗಾರ ಗೆಳೆಯನಾದ. ಅವನ ಮನೆಯಲ್ಲಿ ಉಣ್ಣುತ್ತಿದ್ದೆ. ಊರಿನ ನೆನಪೋ, ಹಸಿವೋ — ಯಾವುದೂ ನೆಪವಲ್ಲ, ಮೀನು ತಿನ್ನಬೇಕೆನಿಸಿತು, ತಿಂದೆ. ಒಂದು ಸೋಮವಾರ ಬೆಳಿಗ್ಗೆ, ಸಾಂಬಾರು ಮುಗಿದು ಒಗ್ಗರಣೆ ಬಿದ್ದ ಮೇಲೆ, ಭಟ್ಟರು ನನ್ನ ಪಕ್ಕ ನಿಂತವರು ತಟ್ಟನೆ ನನ್ನ ಕೈ ಹಿಡಿದು ಮೂಗಿನ ಹತ್ತಿರ ಒಯ್ದರು. ಎಲ್ಲರೂ ನೋಡುತ್ತಿದ್ದರು. ಅವರ ಮುಖ ಕಪ್ಪಾಯಿತು.

"ಈ ಕೈಯಲ್ಲಾ ನೀನ್ ದೇವ್ರಿಗಿಡುದನ್ನ ಮುಟ್ಟುದ್?"

ಆಮೇಲೆ ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಇಬ್ಬರನ್ನು ಕರೆದು ಕೊಪ್ಪರಿಗೆ ಹೊರಿಸಿ, ಹಿತ್ತಲ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, ನನ್ನ ಕಣ್ಣೆದುರೇ ಅಷ್ಟೂ ಸಾಂಬಾರನ್ನು ಚರಂಡಿಗೆ ಸುರಿಸಿದರು. ಬಿಸಿ ಬಿಸಿ ಹೊಗೆ ಎದ್ದಿತು. ಬೇಳೆ, ನುಗ್ಗೆಕಾಯಿ, ಕೊತ್ತಂಬರಿ ಎಲ್ಲ ಕೊಳೆ ನೀರಿನಲ್ಲಿ ತೇಲಿಹೋದವು. ಬೀದಿಯವರು ನಿಂತು ನೋಡಿದರು. ಆ ದಿನವೇ ನನ್ನ ಟ್ರಂಕು ಹೊರಗೆ ಬಂತು.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಿಯಮ ಮುರಿದವನು ನಾನೇ, ಹೊರಗೆ ಹಾಕಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಆ ಸಾಂಬಾರು — ಅದನ್ನು ನನ್ನ ಕೈಯಲ್ಲಿ ನಾನು ಮಾಡಿದ್ದೆ. ಅವರಿಂದ ಕಲಿತು ಮಾಡಿದ್ದೆ. ಅದು ಚರಂಡಿಯಲ್ಲಿ ಹೋದ ಹಾಗೆ ನಾನೂ ಹೋದೆ ಎನಿಸಿತು. ಸೇಡು ಎಂಬುದು ಉರಿಯುತ್ತದೆ ಎನ್ನುತ್ತಾರೆ. ನನ್ನಲ್ಲಿ ಅದು ಉರಿಯಲಿಲ್ಲ, ಉಪ್ಪಿನಲ್ಲಿ ಇಟ್ಟ ಮೀನಿನ ಹಾಗೆ ಕೆಡದೆ ಉಳಿಯಿತು. ಮದುವೆಯಾಯಿತು, ಮಕ್ಕಳಾದವು, ಮಕ್ಕಳು ನನ್ನ ಕನ್ನಡಕ್ಕೆ ತಮಿಳಿನಲ್ಲಿ ಉತ್ತರ ಕೊಡುವಷ್ಟು ದೊಡ್ಡವಾದವು. ಅದು ಮಾತ್ರ ಹಾಗೆಯೇ ಇತ್ತು.

ಹೋಟೆಲಿನಿಂದ ಹೊರಬಿದ್ದವನು ಅಂತೋಣಿಯ ಫೈಬರ್ ದೋಣಿಯಲ್ಲಿ ಕೆಲಸಕ್ಕೆ ನಿಂತಿದ್ದೆ. ಕೆಲವು ವರ್ಷಗಳಲ್ಲಿ ಊರಲ್ಲೆಲ್ಲ ಮೊಬೈಲು ಬಂತು, ಕಾರು ಬಂತು, ಭಾನುವಾರ ಏನಾದರೂ ಹೊಸತು ಬೇಕು ಎನ್ನುವ ಜನ ಬಂದರು. ನಾವು ಅವರನ್ನು ಮುಂಜಾನೆ ದಡದ ಹತ್ತಿರವೇ ಸ್ವಲ್ಪ ದೂರ ಕರೆದೊಯ್ದು, ಗಾಳ ಹಿಡಿಯಲು ಕಲಿಸಿ, ಬಿಸಿಲೇರುವ ಮೊದಲು ವಾಪಸು ತರುತ್ತಿದ್ದೆವು. ದಾರವನ್ನು ತೋರುಬೆರಳ ಮೇಲೆ ಹಾಯಿಸಿ ಸುಮ್ಮನಿರಬೇಕು, ಮೀನು ಕುಟುಕಿದರೆ ಬೆರಳಿಗೇ ತಿಳಿಯುತ್ತದೆ — ಇಷ್ಟೇ ಪಾಠ. ಮೀನು ತಿನ್ನದವರೂ ಬರುತ್ತಿದ್ದರು, ಹಿಡಿದು ಬಿಟ್ಟುಬಿಡುತ್ತೇವೆ ಎನ್ನುತ್ತಿದ್ದರು. ಅವರಿಗೆಂದು ಗಾಳಕ್ಕೆ ಸಿಗಡಿಯ ಬದಲು ಬರೀ ಮೈದಾ ಹಿಟ್ಟಿನ ಉಂಡೆ ಬೇರೆ ಡಬ್ಬಿಯಲ್ಲಿ ಇಡುತ್ತಿದ್ದೆವು. ನಮಗಾಗಿ ಇನ್ನೊಂದು ಡಬ್ಬಿ: ಒಣ ಸಿಗಡಿಯ ಪುಡಿ ಬೆರೆಸಿದ ಹಿಟ್ಟು. ನೋಡಲು ಎರಡೂ ಒಂದೇ. ವಾಸನೆಯಲ್ಲಿ ಮಾತ್ರ, ಮುಚ್ಚಳ ತೆಗೆದರೆ ಸಾಕು, ಯಾರಿಗಾದರೂ ತಿಳಿಯುತ್ತದೆ.

ಒಂದು ಭಾನುವಾರ ಹೋಟೆಲಿನ ಮಾಲೀಕರ ಮಗ ಗುರುರಾಜ ಬಂದ. ದೊಡ್ಡ ಮಾಲೀಕರು ತೀರಿಹೋಗಿ ಈಗ ಗಲ್ಲಾದಲ್ಲಿ ಅವನೇ. ಜೊತೆಗೆ ಅವನ ಇಬ್ಬರು ಬ್ಯಾಂಕಿನ ಸ್ನೇಹಿತರು, ಇಡ್ಲಿಯ ಕ್ಯಾರಿಯರು ಹಿಡಿದ ಸುಬ್ರಾಯ ಭಟ್ಟರು. ಮದರಾಸಿಗೆ ಬಂದು ಅರ್ಧ ಆಯುಷ್ಯ ಕಳೆದರೂ ದೋಣಿ ಹತ್ತಿಲ್ಲ ಎಂದು ಅವರನ್ನು ಒತ್ತಾಯ ಮಾಡಿ ಕರೆತಂದಿದ್ದರಂತೆ. ನನ್ನನ್ನು ಅವರು ಗುರುತಿಸಲಿಲ್ಲ. ಗಡ್ಡ ಬಂದಿತ್ತು, ಬಿಸಿಲಿಗೆ ಸುಟ್ಟು ಕಪ್ಪಾಗಿದ್ದೆ, ಉದ್ದ ತೋಳಿನ ಅಂಗಿ, ತಲೆಗೆ ಟವೆಲು, ಬಾಯಲ್ಲಿ ತಮಿಳು. ನನ್ನ ಮುಂದೆಯೇ ಕನ್ನಡದಲ್ಲಿ ಮಾತಾಡಿಕೊಂಡರು. ನಾನು ತಿಳಿಯದವನ ಹಾಗೆ ಹಗ್ಗ ಬಿಚ್ಚಿದೆ.

 

ಬಂದರಿನ ಕ್ರೇನುಗಳು ಹಿಂದೆ ಸರಿದವು. ವಾಯವ್ಯಕ್ಕೆ ಮಣಲಿಯ ಚಿಮಣಿಗಳ ಹೊಗೆ. ನೀರು ಬೆಚ್ಚಗೆ, ಎಣ್ಣೆಯ ಹಾಗೆ ತೆಪ್ಪಗಿತ್ತು. ಅಂತೋಣಿ ಲಂಗರು ಹಾಕಿದ. ಉಳಿದವರಿಗೆ ಮೈದಾ ಡಬ್ಬಿ ಕೊಟ್ಟೆ. ಭಟ್ಟರು ಮಾತ್ರ ತಮಗೆ ಗಾಳ ಬೇಡ ಎಂದರು. "ನನ್ನ್ ಕೆಲ್ಸ ಊಟ ಹಾಕುದ್ ಮಾರಾಯ್ರೆ, ಹಿಡುದಲ್ಲ," ಎಂದು ನಕ್ಕು, ಮೀನಿಗೆ ಹಾಕಲು ಹಿಟ್ಟು ಸಾಕು ಎಂದು ನನ್ನತ್ತ ಕೈ ಚಾಚಿದರು.

ನಾನು ಇನ್ನೊಂದು ಡಬ್ಬಿ ಕೊಟ್ಟೆ.

ನನ್ನ ಲೆಕ್ಕ ಸಣ್ಣದಾಗಿತ್ತು. ಮುಚ್ಚಳ ತೆಗೆದೊಡನೆ ಅವರ ಮೂಗು ಹೇಳುತ್ತದೆ, ಮುಖ ಕಪ್ಪಾಗುತ್ತದೆ, ಡಬ್ಬಿ ಎಸೆದು ಕೈ ತಿಕ್ಕುತ್ತಾ ಒದ್ದಾಡುತ್ತಾರೆ — ಎಲ್ಲರೂ ನೋಡುತ್ತಾರೆ. ಅಷ್ಟು ಸಾಕಿತ್ತು ನನಗೆ. ಅವರು ಮುಚ್ಚಳ ತೆಗೆದರು. ಏನೂ ಆಗಲಿಲ್ಲ. ಹಿಟ್ಟನ್ನು ಹಿಚುಕಿ ನೋಡಿ, ಸಡಿಲವಾಯಿತಲ್ಲ, ಯಾರು ಕಲಸಿದ್ದು ಇದನ್ನು ಎಂದು ಗೊಣಗುತ್ತಾ ತಾವೇ ಅಂಗೈಯಲ್ಲಿ ನಾದತೊಡಗಿದರು. ದೋಣಿಯ ಆಚೆ ತುದಿಯಿಂದ ಗುರುರಾಜ, "ಭಟ್ರೇ, ಅದು ದೋಸೆ ಹಿಟ್ಟಲ್ಲ, ವಿಡುಂಗೋ," ಎಂದು ಕೀಟಲೆ ಮಾಡಿದ. ಬಿಟ್ಟುಬಿಡಿ ಎಂದರೂ ಅವರು ಬಿಡಲಿಲ್ಲ. ನಾದಿ ನಾದಿ, ಉಂಡೆ ಕಟ್ಟಿ, ಹಳೆಯ ಅಭ್ಯಾಸದಂತೆ ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ಉಸಿರೆಳೆದರು.

"ಈಗ ಹದ ಆಯ್ತ್," ಎಂದರು.

ಸಿಗಡಿ ನಾರುವ ಉಂಡೆ ಅವರ ಮೂಗಿಗೆ ತಾಗುವಂತೆ ಇತ್ತು. ಆಗ ನನಗೆ ಅರ್ಥವಾಯಿತು. ಆ ಮೂಗು ಸತ್ತುಹೋಗಿದೆ. ಯಾವಾಗಿನಿಂದಲೋ, ಯಾವ ಕಾಯಿಲೆಯಲ್ಲೋ — ಯಾರಿಗೂ ಹೇಳದೆ, ಕಣ್ಣಿನಲ್ಲಿ ಬಣ್ಣ ನೋಡಿ, ಕಿವಿಯಲ್ಲಿ ಕುದಿ ಕೇಳಿ, ಕೈಯ ಅಳತೆಯಲ್ಲಿ ಅಡುಗೆ ನಡೆಸುತ್ತಿದ್ದಾರೆ. ಎಲ್ಲರ ಮುಂದೆ ದಿನವೂ ಬಗ್ಗಿ, ಕಣ್ಣು ಮುಚ್ಚಿ, ಉಸಿರೆಳೆಯುವ ನಾಟಕ ಮಾಡುತ್ತಿದ್ದಾರೆ. ರುಚಿ ನೋಡಬಾರದ ಅಡುಗೆಮನೆಯಲ್ಲಿ ವಾಸನೆ ತಿಳಿಯದ ಅಡುಗೆಯವರು. ಇದು ಹೊರಗೆ ಬಿದ್ದರೆ ಅವರಿಗೆ ಒಲೆಯಿಲ್ಲ. ನಾನು ಹುಡುಕುತ್ತಿದ್ದದ್ದು ಒಂದು ಮುಳ್ಳು. ಸಿಕ್ಕಿದ್ದು ಕತ್ತಿ.

ಅವರಿಗೆ ಅದರ ಅರಿವೇ ಇಲ್ಲ. ಚೂರು ಚೂರು ಮುರಿದು ನೀರಿಗೆ ಹಾಕುತ್ತಿದ್ದರು. ಬೆಳ್ಳಿಯ ಬಣ್ಣದ ಸಣ್ಣ ಮೀನುಗಳು ಗುಂಪು ಗುಂಪಾಗಿ ಬಂದು ಅವರ ಬೆರಳನ್ನೇ ಮುತ್ತಿದವು. ಪಂಕ್ತಿಯಲ್ಲಿ ಬಡಿಸುವವರ ಹಾಗೆ, ಹಿಂದೆ ಬಿದ್ದ ಮೀನಿಗೆ ಬಗ್ಗಿ ಬಗ್ಗಿ ಹಾಕಿದರು. ಅಷ್ಟು ಸಂತೋಷಪಟ್ಟ ಅವರನ್ನು ನಾನು ಅಡುಗೆಮನೆಯಲ್ಲಿ ಎಂದೂ ಕಂಡಿರಲಿಲ್ಲ. ಇದನ್ನು ನೋಡಿಯೂ ನನ್ನ ಮನಸ್ಸು ಮೆತ್ತಗಾಗಲಿಲ್ಲ. ಈ ಮಾತನ್ನು ತೇಲಿಸಬಾರದು.

ವಾಪಸು ಬರುವಾಗ ಅವರು ನನ್ನ ಪಕ್ಕ ಹಲಗೆಯ ಮೇಲೆ ಕೂತರು. ಕೈ ತೊಳೆಯಲು ನೀರು ಹೊಯ್ಯುವಾಗ ನನ್ನ ಅಂಗಿಯ ತೋಳು ಮೇಲೆ ಸರಿಯಿತು. ಅವರು ಕಲೆಯನ್ನು ನೋಡಿದರು. ತುಂಬ ಹೊತ್ತು ನೋಡಿದರು. ಎಂಜಿನಿನ ಸದ್ದಿನಲ್ಲಿ ಉಳಿದವರಿಗೆ ಕೇಳಿಸದಂತೆ ಹೇಳಿದರು.

"ನೀನ್ ಶೀನ ಅಲ್ದಾ?" ಆಮೇಲೆ, "ಅವತ್ತ್ ಚೆಲ್ಲಿದ್ ಸಾಂಬಾರ್... ಒಳ್ಳೇದಿತ್ತ್, ಮಾರಾಯ."

ಇಷ್ಟು ವರ್ಷ ನಾನು ಕಾದದ್ದು ಇದಕ್ಕೇ ಇರಬೇಕು. ಅವರು ಅದರ ಮೇಲೆ ಬಗ್ಗಿದ್ದರು, ಅದರ ವಾಸನೆ ಅವರಿಗೆ ತಿಳಿದಿತ್ತು, ಒಳ್ಳೆಯದೆಂದು ಗೊತ್ತಿದ್ದೂ ಸುರಿಸಿದ್ದರು. ಅವರ ಸತ್ತ ಮೂಗಿನಲ್ಲಿ ನನ್ನ ಸಾಂಬಾರಿನ ವಾಸನೆ ಉಳಿದಿತ್ತೇನೋ — ಈಗ ಹಾಗೆ ಅನಿಸುತ್ತದೆ. ಆಗ ಅನಿಸಲಿಲ್ಲ. ಆಗ ಸಿಟ್ಟು ಇಮ್ಮಡಿಯಾಯಿತು. ಒಳ್ಳೆಯದಾಗಿದ್ದರೆ ಆ ದಿನ ಹೇಳಬೇಕಿತ್ತು, ಬೀದಿಯವರ ಮುಂದೆ ಹೇಳಬೇಕಿತ್ತು. ನಾನು ಅವರ ಕಣ್ಣಲ್ಲಿ ಕಣ್ಣಿಟ್ಟು ತಮಿಳಿನಲ್ಲಿ ಹೇಳಿದೆ.

"ಕನ್ನಡ ತೆರಿಯಾದು, ಸಾಮಿ."

ಕನ್ನಡ ಗೊತ್ತಿಲ್ಲ ಎಂದೆ. ಅವರು ತಲೆ ತಗ್ಗಿಸಿ, ತಪ್ಪು ತಿಳಿದೆ ಎಂಬಂತೆ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು. ನಂಬಿದರೋ ಇಲ್ಲವೋ ತಿಳಿಯದು.

ದಡದಲ್ಲಿ ಅವರು ಕಾಲು ತೊಳೆಯಲು ನಲ್ಲಿಯ ಕಡೆ ಹೋದಾಗ ನಾನು ಗುರುರಾಜನ ಹತ್ತಿರ ಹೋದೆ. ಭಟ್ಟರಿಗೆ ಕೇಳಿಸದಷ್ಟು ಮೆಲ್ಲಗೆ, ಶುದ್ಧ ಕನ್ನಡದಲ್ಲಿ ಹೇಳಿದೆ: "ನಿಮ್ಮ ಭಟ್ಟರ ಮೂಗಿಗೆ ವಾಸನೆ ತಿಳಿಯುವುದಿಲ್ಲ. ನಂಬಿಕೆ ಇಲ್ಲದಿದ್ದರೆ ಹಳಸಿದ ಸಾಂಬಾರು ಮುಂದಿಟ್ಟು ನೋಡಿ." ಅವನು ಮೊದಲು ಬೆಚ್ಚಿದ್ದು ಆ ಸುದ್ದಿಗಲ್ಲ. "ಅಯ್ಯೋ, ನೀವು ಕನ್ನಡದೋರಾ? ಇಷ್ಟೊತ್ತು ಸುಮ್ನೆ ಇದ್ರಲ್ಲ," ಎಂದ.

ಅವನು ಪರೀಕ್ಷೆ ಮಾಡಿದ. ಆ ಅಡುಗೆಮನೆಯಲ್ಲಿದ್ದ ಹಳೆಯ ಪರಿಚಯದವನೊಬ್ಬ ಮುಂದೆ ನನಗೆ ಹೇಳಿದ. ಎರಡು ಪಾತ್ರೆ, ಒಂದು ಆಗಷ್ಟೇ ಇಳಿಸಿದ್ದು, ಒಂದು ಹಳಸಿದ್ದನ್ನು ಮತ್ತೆ ಕುದಿಸಿದ್ದು. ಭಟ್ಟರು ಎರಡರ ಮೇಲೂ ಬಗ್ಗಿ, ಕಣ್ಣು ಮುಚ್ಚಿ, ಎರಡೂ ಆಯಿತು ಎಂದರಂತೆ. ಯಾರೋ ಕಿಸಕ್ಕೆಂದರಂತೆ. ಭಟ್ಟರು ಕಣ್ಣು ತೆರೆದು ಸುತ್ತ ಎಲ್ಲರ ಮುಖ ನೋಡಿದರು. ಎರಡೂ ಪಾತ್ರೆಯನ್ನು ತಾವೇ ಎತ್ತಿಕೊಂಡು ಹೋಗಿ ಹಿತ್ತಲ ಚರಂಡಿಗೆ ಸುರಿದು, ಸೌಟು ತೊಳೆದು ಮೊಳೆಗೆ ತೂಗುಹಾಕಿ, ಅಂಗಿ ಹಾಕಿಕೊಂಡು ಹೊರಟರಂತೆ. ಈ ಕತೆಯನ್ನು ಅವನಿಂದ ಎರಡು ಸಲ ಹೇಳಿಸಿಕೊಂಡೆ. ಎರಡನೆಯ ಸಲ ಯಾಕೆ ಕೇಳಿದೆ ಎಂದು ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ರುಚಿಗಾಗಿ ಕೇಳಿದ್ದು.

ಆ ರುಚಿ ಹೆಚ್ಚು ಕಾಲ ಉಳಿಯಲಿಲ್ಲ. ಭಟ್ಟರು ಮಣಲಿಯಲ್ಲಿದ್ದ ಮಗಳ ಮನೆ ಸೇರಿದರು. ಒಮ್ಮೆ ವಿಚಾರಿಸಿಕೊಂಡು ಹೋದೆ. ಕಾರ್ಖಾನೆಯ ಗಾಳಿ ಆ ಬೀದಿಯಲ್ಲಿ ಮೂಗು ಸುಡುವಂತಿತ್ತು, ಬಸ್ಸಿಳಿದವರೆಲ್ಲ ಬಾಯಿಗೆ ಬಟ್ಟೆ ಹಿಡಿದಿದ್ದರು. ಭಟ್ಟರು ಜಗಲಿಯಲ್ಲಿ ಕೂತು, ಏನೂ ಇಲ್ಲವೆಂಬಂತೆ ಆ ಗಾಳಿಯನ್ನು ಎಳೆದುಕೊಳ್ಳುತ್ತಿದ್ದರು. ಮಡಿಲಲ್ಲಿದ್ದ ಖಾಲಿ ಅಂಗೈ ಮೇಲೆ ಬೆರಳುಗಳು ಏನನ್ನೋ ನಾದುತ್ತಿದ್ದವು. ನಾನು ರಸ್ತೆಯ ಈಚೆ ನಿಂತೆ. ದಾಟಬೇಕಾದದ್ದು ಒಂದು ಸಣ್ಣ ರಸ್ತೆ ಮಾತ್ರ. ದಾಟಲಿಲ್ಲ. ಬಂದ ಬಸ್ಸು ಹತ್ತಿದೆ.

ಈಗ ಅವರಿಲ್ಲ. ಆ ಡಬ್ಬಿಯಲ್ಲಿ ಏನಿತ್ತು ಎಂಬುದು ಅವರಿಗೆ ತಿಳಿಯದೆಯೇ ಹೋಯಿತು. ಮೀನು ಮುಟ್ಟದೆ ಬದುಕಿದವರ ಕೈಗೆ ನಾನು ಸಿಗಡಿ ಸವರಿದೆ. ಆ ಕೈಯಲ್ಲಿ ಅವರು ಮರುದಿನ ದೇವರ ಮುಂದೆ ಸೌಟು ಹಿಡಿದಿರುತ್ತಾರೆ. ಅವರು ಇದ್ದಿದ್ದರೆ ಮೂಗಿನ ವಿಷಯ ಹೇಳಿದ್ದನ್ನು ಕ್ಷಮಿಸಿಯೂ ಇದನ್ನು ಕ್ಷಮಿಸುತ್ತಿರಲಿಲ್ಲವೇನೋ. ಕ್ಷಮಿಸಿ ಎಂದು ನಾನು ಕೇಳುತ್ತಲೂ ಇಲ್ಲ. ಅವರು ಕೇಳಿದ ಒಂದು ಪ್ರಶ್ನೆಗೆ ಉತ್ತರ ಬಾಕಿ ಇದೆ, ಅದನ್ನು ಅವರ ಮಾತಿನಲ್ಲೇ ಹೇಳಬೇಕಿತ್ತು.

ಹೌದ್ ಭಟ್ರೆ, ನಾನ್ ಶೀನ. ನಂಗೆ ಕನ್ನಡ ಬತ್ತ್.